ಸ್ಟ್ಯಾನೇಜ್ ಬಂಡೆಯಿಂದ ಬಿದ್ದವರನ್ನು ಹೊತ್ತು ತರುವವರು: ಶೆಫೀಲ್ಡ್‌ಗೆ ಹೊರಟ ಧಾರವಾಡದ ಹುಡುಗನಿಗೆ

ತಮ್ಮಾ, ಮೊದಲು ಅವ್ವನಿಗೆ ಒಂದು ಮಾತು ಹೇಳಿಬಿಡು: ನಿನ್ನ ಗೆಳೆಯನ ಮನೆಗೆ ಬಿಲ್ ಬರುವುದಿಲ್ಲ. ನೀನು ಬರೆದದ್ದು ಇಷ್ಟು. ಎಂ.ಎಸ್ಸಿ. ಸಲುವಾಗಿ ಈ ಸೆಪ್ಟೆಂಬರಿನಲ್ಲಿ ಶೆಫೀಲ್ಡ್‌ಗೆ ಬರುತ್ತಿದ್ದೀ. ನಿನಗಿಂತ ಮೊದಲೇ ಬಂದ ಹುಬ್ಬಳ್ಳಿಯ ಗೆಳೆಯ ಸ್ಟ್ಯಾನೇಜ್‌ನಲ್ಲಿ ಹತ್ತುವಾಗ ಬಿದ್ದು ಕಾಲು ಮುರಿದುಕೊಂಡ, ಯಾರೋ ಇಪ್ಪತ್ತು ಮಂದಿ ಬಂದು ಸ್ಟ್ರೆಚರ್‌ನಲ್ಲಿ ಹೊತ್ತು ಇಳಿಸಿದರು, ಹೆಸರೂ ಹೇಳದೆ ಹೊರಟುಹೋದರು. ಅವರು ಯಾರು, ಎಷ್ಟು ದುಡ್ಡು ಕೇಳುತ್ತಾರೆ, ಉಪಕಾರ ತೀರಿಸುವುದು ಹೇಗೆ, ಬಾದಾಮಿಯಲ್ಲಿ ಕಲಿತ ಕ್ಲೈಂಬಿಂಗ್ ಇಲ್ಲಿ ಮುಂದುವರಿಸಬಹುದೇ ಅಂತ ಕೇಳಿದ್ದೀ. ಬಾಡಿಗೆ, ಊಟ, ಬಸ್ ಪಾಸ್ ಬಗ್ಗೆ ಹೇಳುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಇದನ್ನೇ ಬಿಡಿಸಿ ಬರೆಯುತ್ತೇನೆ.

ಬಂದವರು ಸರ್ಕಾರಿ ನೌಕರರಲ್ಲ. ಪೀಕ್ ಡಿಸ್ಟ್ರಿಕ್ಟ್ ಗುಡ್ಡಸಾಲಿನಲ್ಲಿ ಇಂಥ ಏಳು ಸ್ವಯಂಸೇವಕ ತಂಡಗಳಿವೆ. ಸ್ಟ್ಯಾನೇಜ್ ಬರುವುದು ಎಡೇಲ್ ಮೌಂಟನ್ ರೆಸ್ಕ್ಯೂ ಟೀಮಿನ ಪಾಲಿಗೆ. ಇಂಥ ತಂಡಗಳಲ್ಲಿ ಮಾಸ್ತರರು, ನರ್ಸುಗಳು, ಬಡಿಗೇರರು, ಇಂಜಿನಿಯರುಗಳು ಎಲ್ಲರೂ ಇರುತ್ತಾರೆ. ಒಬ್ಬರಿಗೂ ಸಂಬಳವಿಲ್ಲ. ಪೊಲೀಸರು ಕರೆದರೆ ಸದಸ್ಯರೆಲ್ಲರ ಫೋನಿಗೂ ಸಂದೇಶ ಹೋಗುತ್ತದೆ. ಆ ಹೊತ್ತಿಗೆ ಯಾರಿಗೆ ಸಾಧ್ಯವೋ ಅವರು ಕೆಲಸ ಬಿಟ್ಟು, ಇಲ್ಲವೇ ಅರ್ಧ ಊಟದಿಂದ ಎದ್ದು ಹೊರಡುತ್ತಾರೆ. ಗಾಡಿ, ರೇಡಿಯೊ, ಸ್ಟ್ರೆಚರ್, ಔಷಧಿ ಎಲ್ಲದರ ಖರ್ಚು ಹೆಚ್ಚಾಗಿ ಜನರ ದೇಣಿಗೆಯಿಂದಲೇ ನಡೆಯುತ್ತದೆ. ಬೂಟು, ಬಟ್ಟೆಯನ್ನು ಎಷ್ಟೋ ಜನ ತಮ್ಮ ಕಿಸೆಯಿಂದಲೇ ಕೊಳ್ಳುತ್ತಾರೆ.

ಒಬ್ಬ ಹುಡುಗನಿಗೆ ಇಪ್ಪತ್ತು ಮಂದಿ ಯಾಕೆ ಬೇಕಾಯಿತು ಅನ್ನುವುದಕ್ಕೆ ನೆಲವೇ ಉತ್ತರ. ಸ್ಟ್ಯಾನೇಜ್ ಅಂದರೆ ಹ್ಯಾದರ್‌ಸೇಜ್ ಊರಿನ ಮೇಲೆ ಆರು ಕಿಲೋಮೀಟರಿನಷ್ಟು ಉದ್ದಕ್ಕೆ ಚಾಚಿದ ಗ್ರಿಟ್‌ಸ್ಟೋನ್ (ಒರಟು ಮರಳುಗಲ್ಲು) ಗೋಡೆ. ಎತ್ತರ ಹೆಚ್ಚಿಲ್ಲ, ಬಹಳಷ್ಟು ಕಡೆ ಹತ್ತರಿಂದ ಇಪ್ಪತ್ತು ಮೀಟರ್. ಆದರೆ ಬುಡದಲ್ಲಿ ಸೊಂಟದೆತ್ತರದ ಬಂಡೆಗಳು, ನಡುವೆ ಕಾಲು ಸಿಕ್ಕಿಕೊಳ್ಳುವ ಸಂದುಗಳು, ಮೇಲೆ ಜರೀಗಿಡದ ಹೊದಿಕೆ. ಅಲ್ಲಿ ಸ್ಟ್ರೆಚರ್ ಅಲುಗದಂತೆ ಸಾಗಬೇಕಾದರೆ ಒಂದು ಸಲಕ್ಕೆ ಆರೆಂಟು ಕೈ ಬೇಕು. ಐವತ್ತು ಹೆಜ್ಜೆಗೆ ತೋಳು ಸೋಲುತ್ತದೆ, ಕೈ ಬದಲಿಸಲು ಇನ್ನೊಂದು ಗುಂಪು ಬೇಕು. ಇಳಿಜಾರಿನಲ್ಲಿ ಹಿಂದಿನಿಂದ ಹಗ್ಗ ಹಿಡಿದು ತಡೆಯುವವರು ಬೇಕು. ಒಬ್ಬರು ಗಾಯಾಳುವಿನ ತಲೆಯ ಬಳಿಯೇ ಇದ್ದು ಉಸಿರು, ಪ್ರಜ್ಞೆ, ನೋವು ನೋಡುತ್ತ ಅವನ ಕೂಡ ಮಾತಾಡುತ್ತಲೇ ಇರುತ್ತಾರೆ. ಸ್ಟ್ರೆಚರ್‌ಗೆ ಎತ್ತುವ ಮುಂಚೆ ಅವನನ್ನು ವ್ಯಾಕ್ಯೂಮ್ ಮ್ಯಾಟ್ರೆಸ್ ಮೇಲೆ ಮಲಗಿಸುತ್ತಾರೆ. ಒಳಗೆ ಸಣ್ಣ ಗುಂಡುಗಳು ತುಂಬಿದ ಮೆತ್ತನೆಯ ಚೀಲ ಅದು. ಪಂಪಿನಿಂದ ಗಾಳಿ ಹೊರಗೆಳೆದರೆ ಮೈಯ ಆಕಾರಕ್ಕೇ ಗಟ್ಟಿಯಾಗಿ, ಬೆನ್ನು, ಸೊಂಟ, ಕಾಲು ಅಲುಗದಂತೆ ಹಿಡಿದುಕೊಳ್ಳುತ್ತದೆ.

ಈ ಎಚ್ಚರ ಬಂದದ್ದು ಒಬ್ಬ ಕ್ಲೈಂಬರ್ ಕಾಲು ಕಳೆದುಕೊಂಡ ಮೇಲೆ. 1928ರಲ್ಲಿ ಇದೇ ಪೀಕ್ ಸೀಮೆಯ ಲ್ಯಾಡೋ ಬಂಡೆಗಳಲ್ಲಿ ಅವನು ಬಿದ್ದ. ಜೊತೆಯವರು ದಾರಿಫಲಕ ಕಿತ್ತು ಅದರಿಂದಲೇ ಸ್ಟ್ರೆಚರ್ ಮಾಡಿ ಹೊತ್ತರು. ನೋವಿನ ಔಷಧಿ ಇರಲಿಲ್ಲ, ಕೊನೆಗೆ ಕಾಲು ಕತ್ತರಿಸಬೇಕಾಯಿತು. ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ವಿಲ್ಸನ್ ಹೇ ಈ ಪ್ರಕರಣ ನೋಡಿ, ಬಿದ್ದ ಪೆಟ್ಟಿಗಿಂತ ಹೊತ್ತು ತಂದ ರೀತಿಯಿಂದಲೇ ಹೆಚ್ಚು ಹಾನಿಯಾಗಿದೆ ಅಂದರು. ಅದರಿಂದ ಗುಡ್ಡಕ್ಕೆ ತಕ್ಕ ಸ್ಟ್ರೆಚರ್ ಹುಟ್ಟಿತು, ಅಲ್ಲಲ್ಲಿ ರಕ್ಷಣಾ ಸಾಮಗ್ರಿ ಇಡುವ ಏರ್ಪಾಡಾಯಿತು. ಗುಡ್ಡದ ಮೇಲೆ ಮಾರ್ಫಿನ್ ಎಂಬ ಬಲವಾದ ನೋವುನಿವಾರಕ ಕೊಡಲು ಕಾನೂನು ಒಪ್ಪದಿದ್ದರೂ ಹೇ ಕೊಡಿಸುತ್ತಲೇ ಹೋದರು. 1949ರಲ್ಲಿ ಕೋರ್ಟಿನಲ್ಲಿ ದಂಡ ಕಟ್ಟಿದರು. ಆಮೇಲೆ ಸರ್ಕಾರವೇ ರಕ್ಷಣಾ ತಂಡಗಳಿಗೆ ಮಾರ್ಫಿನ್ ಒಪ್ಪಿತು. ಇಂದು ವೈದ್ಯರಲ್ಲದ ಸದಸ್ಯರೂ ತರಬೇತಿ ಪಡೆದು, ಪರೀಕ್ಷೆ ಪಾಸಾಗಿ ಬಂಡೆಯ ಬುಡದಲ್ಲೇ ಬಲವಾದ ನೋವುನಿವಾರಕ ಕೊಡುತ್ತಾರೆ. ನಿನ್ನ ಗೆಳೆಯನ ನೋವು ಅಲ್ಲೇ ಇಳಿದದ್ದಕ್ಕೆ ಹಿಂದೆ ಇಷ್ಟು ಹೋರಾಟವಿದೆ. ಈ ಜನರ ಬಗ್ಗೆ ನನಗಿರುವ ಗೌರವ ಎಷ್ಟು ಬರೆದರೂ ಕಡಿಮೆಯೇ.

ಈಗ ನೀನು ಕಲಿಯಬೇಕಾದದ್ದು. ಬಿದ್ದಾಗ 999, ಇಲ್ಲವೇ 112. ನಮ್ಮ ಕಡೆಯವರು ಸಹಜವಾಗಿ ಆಂಬುಲೆನ್ಸ್ ಕೇಳುತ್ತಾರೆ. ಗುಡ್ಡದಲ್ಲಿ ಹಾಗೆ ಕೇಳಿದರೆ ರಸ್ತೆಯ ಗಾಡಿ ಬಂದು ನಿಲ್ಲುತ್ತದೆ, ಅಲ್ಲಿಂದ ಬಂಡೆಯವರೆಗೆ ಬರುವ ಸಾಧನ ಅದಕ್ಕಿಲ್ಲ. ಮೊದಲು 'ಪೊಲೀಸ್' ಅನ್ನು, ಪೊಲೀಸರು ಲೈನಿಗೆ ಬಂದ ಮೇಲೆ 'ಮೌಂಟನ್ ರೆಸ್ಕ್ಯೂ' ಅನ್ನು. ಸ್ಟ್ಯಾನೇಜ್ ಇರುವುದು ಡರ್ಬಿಶೈರ್‌ನಲ್ಲಿ, ಶೆಫೀಲ್ಡ್ ಇರುವುದು ಸೌತ್ ಯಾರ್ಕ್‌ಶೈರ್‌ನಲ್ಲಿ, ಗಡಿ ಹತ್ತಿರವೇ ಇದೆ. ಹೀಗಾಗಿ ಹ್ಯಾದರ್‌ಸೇಜ್ ಬಳಿ, ಡರ್ಬಿಶೈರ್ ಅಂತ ಬಿಡಿಸಿ ಹೇಳು. ಆರು ಕಿಲೋಮೀಟರ್ ಗೋಡೆಯಲ್ಲಿ 'ಸ್ಟ್ಯಾನೇಜ್‌ನಲ್ಲಿದ್ದೇವೆ' ಅಂದರೆ ಸಾಲದು. ಪಾಪ್ಯುಲರ್ ಎಂಡ್, ಪ್ಲಾಂಟೇಶನ್, ಹೈ ನೆಬ್ ಹೀಗೆ ಭಾಗಕ್ಕೊಂದು ಹೆಸರಿದೆ, ಹತ್ತುತ್ತಿದ್ದ ರೂಟ್‌ಗೂ, ಅಂದರೆ ಬಂಡೆಯ ಮೇಲಿನ ದಾರಿಗೂ, ಹೆಸರಿದೆ. ಎರಡನ್ನೂ ಹೇಳು, ಜೊತೆಗೆ ಗ್ರಿಡ್ ರೆಫರೆನ್ಸ್, ಅಂದರೆ ನಕಾಶೆಯ ಮೇಲೆ ಜಾಗ ಗುರುತಿಸುವ ಅಕ್ಷರ-ಅಂಕಿ, ಹೇಳು. ಓಎಸ್ ಲೊಕೇಟ್ ಎಂಬ ಉಚಿತ ಆ್ಯಪ್ ಅದನ್ನು ತೋರಿಸುತ್ತದೆ. ಎಷ್ಟು ಎತ್ತರದಿಂದ ಬಿದ್ದ, ಎಚ್ಚರ ಇದ್ದಾನೆಯೇ, ಯಾವ ಅಂಗಕ್ಕೆ ಪೆಟ್ಟು, ಎಷ್ಟು ಹೊತ್ತಿಗೆ ಬಿದ್ದ, ನೀವು ಎಷ್ಟು ಮಂದಿ, ಫೋನಿನಲ್ಲಿ ಚಾರ್ಜ್ ಎಷ್ಟು. ಇಷ್ಟು ಹೇಳಿ ಲೈನ್ ಖಾಲಿ ಬಿಡು. ಆ ಹೊತ್ತಿನಲ್ಲಿ ಧಾರವಾಡಕ್ಕೆ ಫೋನ್ ಮಾಡಬೇಡ, ತಂಡದವರು ವಾಪಸ್ ಕರೆಯುತ್ತಾರೆ. ಅವರು ಮೆಸೇಜಿನಲ್ಲಿ ಲಿಂಕ್ ಕಳಿಸಿದರೆ ಒತ್ತು, ನೀನಿರುವ ಜಾಗ ಅವರ ನಕಾಶೆಯಲ್ಲಿ ಮೂಡುತ್ತದೆ.

ಸಿಗ್ನಲ್ ಕ್ಷೀಣವಾಗಿದ್ದು ಮಾತು ಕೇಳದಿದ್ದರೆ 999ಕ್ಕೆ ಮೆಸೇಜ್ ಕಳಿಸಬಹುದು. ಆದರೆ ಮೊದಲೇ ನೋಂದಾಯಿಸಿಕೊಂಡಿರಬೇಕು. ಇಲ್ಲಿನ ಸಿಮ್ ಹಾಕಿದ ದಿನವೇ 'ರಿಜಿಸ್ಟರ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ 999ಕ್ಕೆ ಕಳಿಸಿ, ಬರುವ ಉತ್ತರದಲ್ಲಿ ಹೇಳಿದಂತೆ ಮಾಡು. ಎರಡು ನಿಮಿಷದ ಕೆಲಸ. ಏನೂ ನಡೆಯದಿದ್ದರೆ ಸೀಟಿ: ಒಂದು ನಿಮಿಷದಲ್ಲಿ ಆರು ಸಲ ಊದು, ಒಂದು ನಿಮಿಷ ಬಿಡು, ಮತ್ತೆ ಆರು. ಬ್ಯಾಟರಿಯ ಬೆಳಕಿಗೂ ಇದೇ ಲೆಕ್ಕ. ಮೂರು ಊದು ಕೇಳಿದರೆ ಅದು ಅವರ ಉತ್ತರ, ಆದರೂ ಅವರು ಎದುರಿಗೆ ಬರುವವರೆಗೆ ನಿಲ್ಲಿಸಬೇಡ.

ತಂಡ ಬರಲು ಒಂದು ತಾಸು, ಕೆಲವು ಸಲ ಇನ್ನೂ ಹೆಚ್ಚು ಹಿಡಿಯಬಹುದು. ಅಷ್ಟು ಹೊತ್ತು ಗಾಯಾಳು ನಿನ್ನ ಕೈಯಲ್ಲಿ. ಅವನು ಹಗ್ಗದಲ್ಲಿ ಎಚ್ಚರತಪ್ಪಿ ಜೋತಾಡುತ್ತಿದ್ದರೆ ನಿಧಾನಕ್ಕೆ ನೆಲಕ್ಕಿಳಿಸಿ ಮಲಗಿಸು. ಹಾರ್ನೆಸ್‌ನಲ್ಲಿ (ಸೊಂಟ, ತೊಡೆಗೆ ಕಟ್ಟಿಕೊಳ್ಳುವ ಪಟ್ಟಿ) ಅಲುಗಾಡದೆ ನೇತಾಡುವುದೇ ಜೀವಕ್ಕೆ ಅಪಾಯ. ನೆಲದ ಮೇಲಿದ್ದವನನ್ನು, ಮೇಲಿಂದ ಕಲ್ಲು ಬೀಳುವಂಥ ಅಪಾಯವಿಲ್ಲದಿದ್ದರೆ, ಎತ್ತಿ ಕೂರಿಸಬೇಡ. ಉಸಿರಿಗೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡ. ರಕ್ತ ಸೋರುವಲ್ಲಿ ಬಟ್ಟೆ ಒತ್ತಿ ಹಿಡಿ, ಮೇಲಿಂದ ಮೇಲೆ ತೆಗೆದು ನೋಡಬೇಡ. ಆಪರೇಶನ್ ಬೇಕಾಗಬಹುದು, ಹಾಗಾಗಿ ಚಹಾ, ತಿಂಡಿ ಕೊಡಬೇಡ.

ಎಲ್ಲಕ್ಕಿಂತ ಮರೆತುಹೋಗುವುದು ಚಳಿ. ಇಲ್ಲಿನ ಅಕ್ಟೋಬರದ ಗಾಳಿ ಕಪ್ಪತಗುಡ್ಡದ ನೆತ್ತಿಯ ಗಾಳಿಯಂತೆ ಬೀಸುತ್ತದೆ, ಆದರೆ ಇದರಲ್ಲಿ ಹನಿಯೂ ಇರುತ್ತದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿ ಒಳಗಿನ ರಕ್ತಸ್ರಾವ ನಿಲ್ಲುವುದು ಕಷ್ಟವಾಗುತ್ತದೆ. ಶಾಖ ಹೆಚ್ಚು ಹೋಗುವುದು ಕೆಳಗಿನ ಕಲ್ಲಿಗೆ. ಹಗ್ಗದ ಸುರುಳಿ, ಖಾಲಿ ಚೀಲ ಏನು ಸಿಗುತ್ತದೆಯೋ ಅದನ್ನು, ಅವನನ್ನು ಹೆಚ್ಚು ಅಲುಗಿಸದೆ, ಮೆಲ್ಲಗೆ ಅಡಿಗೆ ಸೇರಿಸು. ಆಮೇಲೆ ಮೇಲೆ ಹೊದಿಸು. ನಾಲ್ಕು ಮಂದಿ ಒಳಗೆ ಕೂರುವ ಹಗುರ ಹೊದಿಕೆಗೆ ಗ್ರೂಪ್ ಶೆಲ್ಟರ್ ಅನ್ನುತ್ತಾರೆ, ಮಡಚಿದರೆ ಅದು ಒಂದು ಪುಟ್ಟ ಪೊಟ್ಟಣ. ಗುಂಪಿಗೆ ಒಂದಾದರೂ ಚೀಲದಲ್ಲಿರಲಿ.

ಹೆಲಿಕಾಪ್ಟರ್ ಬಂದರೆ ಎರಡೂ ಕೈ ಮೇಲೆತ್ತಿ ನಿಲ್ಲು, ಸಹಾಯ ಬೇಕು ಅನ್ನುವ ಸನ್ನೆ ಅದು. ಜಾಕೆಟ್, ಚೀಲ, ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸುವ ಬೌಲ್ಡರಿಂಗ್ ಮ್ಯಾಟ್ ಎಲ್ಲವನ್ನೂ ಮೊದಲೇ ಬಂಡೆಗೆ ಒತ್ತಿಡು, ಇಲ್ಲದಿದ್ದರೆ ರೆಕ್ಕೆಯ ಗಾಳಿಗೆ ಹಾರುತ್ತವೆ. ಕರೆಯದೆ ಹತ್ತಿರ ಹೋಗಬೇಡ, ಪೈಲಟ್ ಕಡೆಗೆ ಬೆಳಕು ಬಿಡಬೇಡ.

ಇನ್ನು ಬೀಳುವುದು ಯಾಕೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ನೀನು ಹತ್ತಿದ್ದು, ಹಗ್ಗ ಸಿಕ್ಕಿಸಲು ಕಲ್ಲಿಗೆ ಕಾಯಂ ಬೋಲ್ಟ್ ಹೊಡೆದ ರೂಟುಗಳನ್ನು. ಇಲ್ಲಿನ ಗ್ರಿಟ್‌ಸ್ಟೋನಿಗೆ ಬೋಲ್ಟ್ ಹೊಡೆಯುವುದಿಲ್ಲ, ಅದು ಹಳೆಯ ಕಟ್ಟುಪಾಡು. ಹತ್ತುವವನೇ ಸಂದಿನಲ್ಲಿ ನಟ್, ಹೆಕ್ಸ್ ಎಂಬ ಲೋಹದ ತುಂಡುಗಳನ್ನು, ಅರಳಿ ಹಿಡಿಯುವ ಕ್ಯಾಮ್‌ಗಳನ್ನು ಸಿಕ್ಕಿಸಿ ಅದಕ್ಕೆ ಹಗ್ಗ ಹಾಕುತ್ತ ಹೋಗಬೇಕು. ಎಷ್ಟೋ ರೂಟುಗಳಲ್ಲಿ ಮೊದಲ ನಾಲ್ಕೈದು ಮೀಟರಿಗೆ ಸಿಕ್ಕಿಸಲು ಸಂದೇ ಇರುವುದಿಲ್ಲ, ಅಲ್ಲಿ ಜಾರಿದರೆ ಹಗ್ಗ ಇದ್ದೂ ಇಲ್ಲದಂತೆ. ಎರಡನೆಯ ಕಾರಣ ಬಿಲೇ ಮಾಡುವವನು, ಅಂದರೆ ಕೆಳಗೆ ಹಗ್ಗ ಹಿಡಿದವನು, ಗೋಡೆಯಿಂದ ದೂರ ನಿಲ್ಲುವುದು. ಬಿದ್ದಾಗ ಹಗ್ಗ ಬಿಗಿದು ಕೆಳಗಿನ ನಟ್ ಅನ್ನು ಹೊರಕ್ಕೆ, ಮೇಲಕ್ಕೆ ಎಳೆಯುತ್ತದೆ. ಅದು ಕಿತ್ತರೆ ಮುಂದಿನದು, ಹೀಗೆ ಒಂದರ ಹಿಂದೊಂದು ಕಿತ್ತು ಬರುತ್ತವೆ. ಆದ್ದರಿಂದ ಬಿಲೇಯರ್ ಗೋಡೆಯ ಬುಡದಲ್ಲೇ ನಿಲ್ಲಬೇಕು, ಮೊದಲು ಸಿಕ್ಕಿಸಿದ ನಟ್ ಮೇಲಕ್ಕೆ ಎಳೆದರೂ ಹಿಡಿಯುವಂಥದ್ದಿರಬೇಕು. ರೂಟ್ ಅಡ್ಡಡ್ಡ ಹೋದಲ್ಲಿ ನಟ್‌ಗೆ 60 ಸೆಂಟಿಮೀಟರ್ ಸ್ಲಿಂಗ್ (ಪಟ್ಟಿಯ ಕುಣಿಕೆ) ಹಾಕು, ಹಗ್ಗದ ಅಲುಗಾಟಕ್ಕೆ ನಟ್ ಎದ್ದು ಬರುವುದಿಲ್ಲ. ಅಗಲಕ್ಕೆ ಬಾಯಿಬಿಟ್ಟ ಸಂದಿನಲ್ಲಿ, ಒದ್ದೆ ಕಲ್ಲಿನಲ್ಲಿ ಕ್ಯಾಮ್ ನಂಬಬೇಡ.

ಗ್ರೇಡ್, ಅಂದರೆ ರೂಟಿನ ಕಷ್ಟದ ಅಳತೆ, ಅದೂ ಬೇರೆ. ಬಾದಾಮಿಯಲ್ಲಿ 6ಬಿ ಹತ್ತಿದವನೂ ಇಲ್ಲಿ ಮೊದಲ ಕೆಲವು ವಾರ ವಿ-ಡಿಫ್, ಸಿವಿಯರ್ ಎಂಬ ಸುಲಭದ ಮಟ್ಟದಲ್ಲಿ, ಅನುಭವಿಗಳ ಹಿಂದೆ ಎರಡನೆಯವನಾಗಿ ಹತ್ತಬೇಕು. ಅವರು ಇಟ್ಟ ನಟ್‌ಗಳನ್ನು ಬಿಡಿಸುತ್ತ ಹೋದರೆ ಒಳ್ಳೆಯ ನಟ್ ಹೇಗೆ ಕೂರುತ್ತದೆ ಅನ್ನುವುದು ಕೈಗೆ ತಿಳಿಯುತ್ತದೆ. ವಿಶ್ವವಿದ್ಯಾಲಯದ ಕ್ಲಬ್ ಸೇರು. ಬ್ರಿಟಿಷ್ ಮೌಂಟನಿಯರಿಂಗ್ ಕೌನ್ಸಿಲ್ ಸದಸ್ಯತ್ವದಲ್ಲಿ ನಿನ್ನಿಂದ ಬೇರೆಯವರಿಗೆ ಆದ ಹಾನಿಯ ವಿಮೆಯೂ ಸೇರಿರುತ್ತದೆ. ಡಿಸೆಂಬರದಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಹೆಡ್‌ಟಾರ್ಚ್ ಇಲ್ಲದೆ ಹೋಗಬೇಡ.

ದುಡ್ಡಿನ ಮಾತು. ರಕ್ಷಣಾ ತಂಡ ಬಿಲ್ ಕಳಿಸುವುದಿಲ್ಲ, ಆಂಬುಲೆನ್ಸ್ ಕೂಡ ಕಳಿಸುವುದಿಲ್ಲ. ವೀಸಾದ ಜೊತೆಗೇ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಹಾಗಾಗಿ ಆಸ್ಪತ್ರೆಯ ಚಿಕಿತ್ಸೆಯೂ ಅದರಲ್ಲೇ ಬಂತು. ಆದರೆ ನೋಡಲು ಬರುವ ಅಪ್ಪ-ಅವ್ವನಿಗೆ ಇದು ಅನ್ವಯಿಸುವುದಿಲ್ಲ. ತುರ್ತು ವಿಭಾಗ ದಾಟಿ ಒಳರೋಗಿಯಾದರೆ ಅವರಿಗೆ ಖರ್ಚು ಬರುತ್ತದೆ, ಪ್ರವಾಸ ವಿಮೆ ಮಾಡಿಸಿಯೇ ಕರೆಸು. ಕ್ಲಬ್ಬಿನವರು ಆಲ್ಪ್ಸ್‌ಗೆ ಹೊರಟರೆ ಅಲ್ಲಿಗೂ ಬೇರೆ ವಿಮೆ ಬೇಕು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಲ್ಲಿ ಹೆಲಿಕಾಪ್ಟರಿಗೆ ದುಡ್ಡು ಕಟ್ಟಬೇಕಾಗುತ್ತದೆ.

ಉಚಿತ ಅಂತ ತಿಳಿದ ಮೇಲೂ ನಮ್ಮ ಮಕ್ಕಳು ಕರೆಯಲು ಹಿಂಜರಿಯುತ್ತಾರೆ. ಪರಊರು, ಅಷ್ಟು ಜನರಿಗೆ ತ್ರಾಸ ಯಾಕೆ ಅಂತ ಮುರಿದ ಕಾಲಿನವನನ್ನು ಇಬ್ಬರು ಹೆಗಲು ಕೊಟ್ಟು ಇಳಿಸಲು ನೋಡುತ್ತಾರೆ. ಸಂಜೆಯಾಗುತ್ತದೆ, ಮೂಳೆ ಇನ್ನಷ್ಟು ಸರಿಯುತ್ತದೆ, ಕೊನೆಗೆ ಅದೇ ತಂಡ ಕತ್ತಲಲ್ಲಿ ಎರಡು ಪಟ್ಟು ಕಷ್ಟಪಟ್ಟು ಬರಬೇಕಾಗುತ್ತದೆ. ಅವರ ಸಮಯಕ್ಕೆ ನಿಜವಾಗಿ ಬೆಲೆ ಕೊಡುವುದೆಂದರೆ ಬೆಳಕಿದ್ದಾಗಲೇ, ಸರಿಯಾದ ಜಾಗ ಹೇಳಿ ಕರೆಯುವುದು.

ಉಪಕಾರದ ಬಗ್ಗೆ ಕೇಳಿದ್ದೀ. ನಿನ್ನ ಗೆಳೆಯ ಮೊದಲು ಮಾಡಬೇಕಾದದ್ದು ತಂಡಕ್ಕೆ ಒಂದು ಪತ್ರ. ಆಸ್ಪತ್ರೆಯವರು ರೋಗಿಯ ವಿಷಯ ಹೊರಗೆ ಹೇಳುವುದಿಲ್ಲ, ಹೀಗಾಗಿ ತಾವು ಹೊತ್ತು ತಂದವನು ಏನಾದ ಅನ್ನುವುದು ಎಷ್ಟೋ ಸಲ ತಂಡಕ್ಕೆ ತಿಳಿಯುವುದೇ ಇಲ್ಲ. ಯಾವ ದಿನ, ಯಾವ ಬಂಡೆ, ಯಾವ ಮೂಳೆ ಮುರಿದಿತ್ತು, ಆಪರೇಶನ್ ಆಯಿತೇ, ಈಗ ನಡೆಯುತ್ತಿದ್ದಾನೆಯೇ ಅಂತ ಬರೆಯಲಿ. ಊರಲ್ಲಿ ಅವನ ಅವ್ವ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಅದನ್ನೂ ಅನುವಾದದ ಜೊತೆ ಸೇರಿಸಲಿ.

ದೇಣಿಗೆ ತಂಡದ ಜಾಲತಾಣದ ಮೂಲಕ ಕೊಡಲಿ, ಸದಸ್ಯರ ಕೈಗೆ ನೋಟು ಕೊಡುವುದು ಬೇಡ. ಫಾರ್ಮ್‌ನಲ್ಲಿ ಗಿಫ್ಟ್ ಏಡ್ ಎಂಬ ಚೌಕವಿರುತ್ತದೆ. ಗುರುತು ಹಾಕಿದರೆ 10 ಪೌಂಡಿಗೆ ಸರ್ಕಾರ ಎರಡೂವರೆ ಪೌಂಡ್ ಸೇರಿಸುತ್ತದೆ, ಆದರೆ ಇಲ್ಲಿ ಆದಾಯ ತೆರಿಗೆ ಕಟ್ಟುವವರು ಮಾತ್ರ ಹಾಕಬೇಕು. ತೆರಿಗೆ ಕಟ್ಟದ ವಿದ್ಯಾರ್ಥಿ ಹಾಕಿದರೆ ಆ ಹಣ ಅವನಿಂದಲೇ ವಸೂಲಾಗಬಹುದು. ದುಡ್ಡಿಲ್ಲದಿದ್ದರೆ ಹುಡುಕುವ ನಾಯಿಗಳ ತರಬೇತಿಗೆ ಹೋಗಲಿ. ಗುಡ್ಡದಲ್ಲಿ ಕಳೆದುಹೋದವರಂತೆ ಪೊದೆಯಲ್ಲಿ ತಾಸುಗಟ್ಟಲೆ ಅಡಗಿ ಕೂರುವ ಜನ ಆ ನಾಯಿಗಳಿಗೆ ಸದಾ ಬೇಕು. ತಂಡದ ಸದಸ್ಯನಾಗಲು ಮಾತ್ರ ಹತ್ತಿರದಲ್ಲೇ ಮನೆ, ಗುಡ್ಡದ ಗಟ್ಟಿ ಅನುಭವ, ದೀರ್ಘ ತರಬೇತಿ ಎಲ್ಲ ಬೇಕು, ಒಂದು ವರ್ಷದ ಕೋರ್ಸಿನಲ್ಲಿ ಅದು ಆಗುವುದಿಲ್ಲ.

ಅವನ ಮನೆಯವರು ನಿನ್ನ ಕೈಯಲ್ಲಿ ಎರಡು ಕಿಲೋ ಪೇಡಾ ಕಳಿಸುತ್ತೇವೆ ಅಂದಿದ್ದಾರಂತೆ. ಬೇಡ ಅನ್ನು. ಭಾರತದಿಂದ ಹಾಲಿನ ಪದಾರ್ಥ ತರಲು ಇಲ್ಲಿ ನಿರ್ಬಂಧವಿದೆ, ಪೇಡಾ ಪೂರ್ತಿ ಹಾಲಿನದೇ. ಶೇಂಗಾ ಹೋಳಿಗೆ ಕಳಿಸಲಿ, ತುಪ್ಪ ಹಚ್ಚದೆ. ತಂಡದ ಅಭ್ಯಾಸ ಯಾವ ಸಂಜೆ ಅಂತ ಇಮೇಲಿನಲ್ಲಿ ಮೊದಲೇ ಕೇಳಿಕೊಂಡು ಹೋಗಿ ಕೊಡಿ. ಶೇಂಗಾ ಅಲರ್ಜಿ ಇಲ್ಲಿ ಹಲವರಿಗೆ ಪ್ರಾಣಾಂತಿಕ, ಆದ್ದರಿಂದ ಡಬ್ಬಿಯ ಮುಚ್ಚಳದ ಮೇಲೆ 'ಪೀನಟ್' ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿರಬೇಕು.