ಮಗಳು ಬಸಿರು ತೆಗೆಸುತ್ತೇನೆ ಎನ್ನುತ್ತಾಳೆ, ನನ್ನ ಮನಸ್ಸು ಒಪ್ಪುತ್ತಿಲ್ಲ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ವಯಸ್ಸು ಐವತ್ತಾರು. ಒಬ್ಬಳೇ ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಅವರ ಮನೆ ನವನಗರದಲ್ಲಿದೆ. ಮಗಳು ಧಾರವಾಡದ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ, ಅಳಿಯನವರದು ಊರೂರು ತಿರುಗುವ ಮಾರಾಟದ ಕೆಲಸ. ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು, ಮೊಮ್ಮಗಳಿಗೆ ಈಗ ಹತ್ತು ತಿಂಗಳು. ಮಗಳ ಹೆರಿಗೆ ರಜೆ ಮುಗಿದಾಗಿನಿಂದ ಕೂಸನ್ನು ನೋಡಿಕೊಳ್ಳಲು ನಾನೇ ಬಂದು ಅವರ ಮನೆಯಲ್ಲಿದ್ದೇನೆ. ಬೆಳಗ್ಗೆ ರೊಟ್ಟಿ ಬಡಿದು ಇಬ್ಬರಿಗೂ ಡಬ್ಬಿ ಕಟ್ಟುವುದು, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಸಂಜೆ ಮಗಳು ಚಿಗರಿ ಬಸ್ಸಿನಿಂದ ಇಳಿದು ಬರುವವರೆಗೆ ಅದನ್ನು ಆಡಿಸುವುದು, ಎಲ್ಲವೂ ನನ್ನದೇ.

ಈಗ ಮಗಳಿಗೆ ಮತ್ತೆ ಬಸಿರು ನಿಂತಿದೆ, ಎಂಟನೆಯ ವಾರ ನಡೆದಿದೆ. ಕೂಸು ಇನ್ನೂ ಎದೆಹಾಲು ಕುಡಿಯುತ್ತಿರುವುದರಿಂದ ಹೀಗಾಗಲಾರದು ಎಂದೇ ಎಲ್ಲರೂ ತಿಳಿದಿದ್ದೆವು. ಅವಳು ತೆಗೆಸುತ್ತೇನೆ ಎನ್ನುತ್ತಾಳೆ, ಅಳಿಯನವರು ‘ಅವಳು ಹೇಳಿದಂತೆ ಆಗಲಿ’ ಎಂದು ಸುಮ್ಮನಾಗಿದ್ದಾರೆ. ನಾನು ಮಾತ್ರ ಒಪ್ಪಲಾರೆ. ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟುವ ಪದ್ಧತಿ ನಮ್ಮದು. ಈ ಮಗಳ ಮೇಲೆ ನನಗೆ ನಿಂತಿದ್ದ ಗಂಡು ಕೂಸು ಆರು ತಿಂಗಳಿಗೇ ಹೋಯಿತು, ಆಮೇಲೆ ಬಸಿರೇ ನಿಲ್ಲಲಿಲ್ಲ. ಮೊನ್ನೆ ಸಿಟ್ಟಿನಲ್ಲಿ, ‘ನೀ ತೆಗಿಸಿದಿ ಅಂದ್ರ ಅವತ್ತ ಗದಗಿಗೆ ಹೋಗ್ತೇನಿ, ಕೂಸಿನ್ನ ಯಾರ ಕಡೆ ಬಿಡ್ತೀ ಬಿಡು’ ಎಂದುಬಿಟ್ಟೆ. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ, ನಾನು ಕಟ್ಟಿದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟು ಹೋಗುತ್ತಾಳೆ. ಮೊದಲನೆಯದು ಹೆಣ್ಣು, ಇದೊಂದು ಗಂಡಾದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಬೀಗರಿಗೆ ತಿಳಿಸಿ ಇದನ್ನು ತಡೆಯಬಹುದೇ? ನಾನು ಏನು ಮಾಡಲಿ?

— ಹೆಸರು ಬೇಡ, ಗದಗ

ಉತ್ತರ: ತಾಯಿ, ನೀವು ಕೊನೆಯಲ್ಲಿ ಕೇಳಿರುವುದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಒಮ್ಮೆ ಕೈಮೀರಿದ್ದನ್ನು ಮತ್ತೆ ಸರಿಪಡಿಸಲಾಗುವುದಿಲ್ಲ. ಬೀಗರಿಗೆ ಹೇಳಬೇಡಿ. ಮಗಳು ಈ ಸುದ್ದಿಯನ್ನು ಹೇಳಿಕೊಂಡದ್ದು ಗಂಡನಿಗೆ ಮತ್ತು ಹೆತ್ತ ತಾಯಿಗೆ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರನ್ನು ಕಾನೂನು ಅನುಮತಿಸಿದವರಿಗಲ್ಲದೆ ಬೇರೆಯವರಿಗೆ ತಿಳಿಸುವ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದು 2021ರ ತಿದ್ದುಪಡಿ ಹೇಳುತ್ತದೆ. ಅಪರಿಚಿತ ವೈದ್ಯರೇ ಕಾಯಬೇಕಾದ ಗುಟ್ಟನ್ನು ತಾಯಿಯಾದವರು ಬೀಗರ ಮನೆಯ ಪಡಸಾಲೆಗೆ ಒಯ್ದರೆ, ಮಗಳು ಮುಂದೆ ಯಾವ ಕಷ್ಟವನ್ನೂ ನಿಮ್ಮ ಮುಂದೆ ಬಿಚ್ಚಿಡುವುದಿಲ್ಲ. ಜೊತೆಗೆ, ಹೇಳಿದಿರಿ ಎಂದುಕೊಂಡರೂ ಬೀಗರಿಗೆ ಇದನ್ನು ತಡೆಯುವ ಅಧಿಕಾರವೇನೂ ಬರುವುದಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ ಹದಿನೆಂಟು ತುಂಬಿದ, ಸ್ವಸ್ಥ ಮನಸ್ಸಿನ ಮಹಿಳೆಯ ವಿಷಯದಲ್ಲಿ ಬೇಕಾಗಿರುವುದು ಆಕೆಯೊಬ್ಬಳ ಒಪ್ಪಿಗೆ ಮಾತ್ರ. ಇಪ್ಪತ್ತು ವಾರಗಳವರೆಗೆ, ಆಕೆಯ ದೈಹಿಕ ಮತ್ತು ಮಾನಸಿಕ ಆರೋಗ್ಯವನ್ನೂ ಆಕೆ ಬದುಕುತ್ತಿರುವ ಪರಿಸ್ಥಿತಿಯನ್ನೂ ನೋಡಿ ಒಬ್ಬ ನೋಂದಾಯಿತ ವೈದ್ಯರು ಅಭಿಪ್ರಾಯ ಕೊಟ್ಟರೆ ಸಾಕು. ಗಂಡನ ಸಹಿಯನ್ನಾಗಲಿ, ತಾಯಿಯ ಸಹಿಯನ್ನಾಗಲಿ ಕಾಯ್ದೆ ಕೇಳುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ನಂಬಿಕೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಹೊಟ್ಟೆಯಲ್ಲಿರುವುದೂ ಒಂದು ಜೀವ, ಅದನ್ನು ತೆಗೆಯುವುದು ತಪ್ಪು ಎಂದು ನಂಬುವ ತಾಯಂದಿರು ನಮ್ಮ ಭಾಗದಲ್ಲಿ ಮನೆಮನೆಗೂ ಇದ್ದಾರೆ, ಮತ್ತು ಆ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ಅದನ್ನು ಮಗಳ ಮುಂದೆ ಹೇಳುವ ಹಕ್ಕು ನಿಮಗಿದೆ. ಒಂದು ಸಲ, ನಿಧಾನವಾಗಿ, ಕೂಸು ಮಲಗಿದ ಮೇಲೆ ಎದುರಿಗೆ ಕುಳಿತು ಹೇಳಿ. ಆರು ತಿಂಗಳಿಗೆ ಹೋದ ಆ ಕೂಸಿನ ಸಂಗತಿಯನ್ನೂ ಹೇಳಿ. ಆಗ ಯಾರೂ ನಿಮ್ಮನ್ನು ಕೂರಿಸಿಕೊಂಡು ಸಮಾಧಾನ ಹೇಳಿರಲಾರರು, ನಾಲ್ಕು ದಿನ ಮಲಗಿ ಎದ್ದು ಮತ್ತೆ ಕೆಲಸಕ್ಕೆ ಹಚ್ಚಿಕೊಂಡಿರಬೇಕು. ನಮ್ಮಲ್ಲಿ ಹೆರಿಗೆಯಾದರೆ ಬಾಣಂತನವಿದೆ, ಅಳಿದ ಬಸಿರಿಗೆ ಅಳುವ ಜಾಗವೂ ಇಲ್ಲ. ಇಷ್ಟು ವರ್ಷ ಒಳಗೇ ಉಳಿದ ಆ ದುಃಖ ಈಗ ಮಗಳ ಮೇಲೆ ಸಿಟ್ಟಾಗಿ ಹೊರಬರುತ್ತಿದೆಯೇನೋ ಎಂದು ನಿಮ್ಮ ಪತ್ರವನ್ನು ಓದುವಾಗ ನನಗೆ ಅನ್ನಿಸಿತು. ಕಳೆದುಕೊಂಡವರು ನೀವು, ಈಗ ಹೊರಬೇಕಾಗಿರುವವಳು ಅವಳು. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ನಿಮ್ಮಿಬ್ಬರಿಗೂ ಅನ್ಯಾಯವಾಗುತ್ತದೆ.

ನಾನು ಒಪ್ಪಲಾರದ್ದು ‘ಗದಗಿಗೆ ಹೋಗುತ್ತೇನೆ’ ಎಂದ ಮಾತನ್ನು. ಮಗಳ ನೌಕರಿ, ಮೊಮ್ಮಗಳ ಊಟ-ನಿದ್ದೆ, ಆ ಮನೆಯ ಇಡೀ ದಿನಚರಿ ನಿಮ್ಮ ಎರಡು ಕೈಗಳ ಮೇಲೆ ನಿಂತಿದೆ. ಅದು ನಿಮಗೂ ಗೊತ್ತು, ಮಗಳಿಗೂ ಗೊತ್ತು. ಹಾಗಿರುವಾಗ ಆ ಕೈಗಳನ್ನು ಹಿಂತೆಗೆದುಕೊಳ್ಳುತ್ತೇನೆ ಎಂದಾಗ ನೀವು ಅವಳ ಮುಂದಿಟ್ಟದ್ದು ಅಭಿಪ್ರಾಯವನ್ನಲ್ಲ, ಷರತ್ತನ್ನು. ಭಯಕ್ಕೆ ಬಿದ್ದು ಅವಳು ಬಸಿರನ್ನು ಉಳಿಸಿಕೊಂಡರೆ ನಿಮ್ಮ ನಂಬಿಕೆ ಗೆದ್ದಂತಾಗುವುದಿಲ್ಲ, ಆ ಎರಡನೆಯ ಕೂಸು ಹುಟ್ಟುವ ಮೊದಲೇ ತಾಯಿ-ಮಗಳ ಜಗಳದ ಕಾರಣವಾಗಿ ಹೋಗುತ್ತದೆ. ಮತ್ತು ಆ ಮಾತಿನಿಂದ ಮೊದಲು ಕಷ್ಟಕ್ಕೆ ಸಿಕ್ಕುವುದು ಇದರಲ್ಲಿ ಏನೂ ಪಾತ್ರವಿಲ್ಲದ ಹತ್ತು ತಿಂಗಳ ಮೊಮ್ಮಗಳು. ಆದ್ದರಿಂದ ಇಂದೇ ಮಗಳಿಗೆ, ‘ನೀ ಏನ ಮಾಡಿದ್ರೂ ಕೂಸಿನ್ನ ನಾ ನೋಡ್ಕೋತೇನಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ’ ಎಂದು ಹೇಳಿ. ಒಪ್ಪಿಗೆಯಿಲ್ಲ ಎಂಬುದನ್ನು ಇಟ್ಟುಕೊಂಡೇ ಇದನ್ನು ಹೇಳಬಹುದು.

ಗಂಡಾದರೆ ಸಮಾಧಾನ ಎಂದು ಬರೆದಿದ್ದೀರಿ. ಈ ಸಾಲನ್ನು ನಾನು ಓದಿಯೂ ಓದದಂತೆ ಬಿಡಲಾರೆ. ಜೀವವೆಂಬ ಕಾರಣಕ್ಕೆ ಉಳಿಯಬೇಕು ಎನ್ನುವುದಾದರೆ ಅದು ಹೆಣ್ಣಾದರೂ ಅಷ್ಟೇ ಬಲದಿಂದ ಉಳಿಯಬೇಕು. ನಿಮ್ಮ ವಿರೋಧದಲ್ಲಿ ನಂಬಿಕೆ ಎಷ್ಟು, ಗಂಡುಮಗುವಿನ ಆಸೆ ಎಷ್ಟು ಎಂಬುದನ್ನು ನೀವೇ ಬೇರ್ಪಡಿಸಿ ನೋಡಿ. ಮಗಳ ಕಿವಿಗೆ ಎರಡನೆಯದೇ ಮೊದಲು ಕೇಳಿಸಿರಬಹುದು, ಅದೂ ತಾನೇ ಹೆತ್ತ ಹೆಣ್ಣು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲೂಡಿಸುತ್ತಿರುವಾಗ.

ಇನ್ನು ಅವಳ ಮೈ. ಹಾಲೂಡಿಸುವಾಗ ಬಸಿರು ನಿಲ್ಲುವುದಿಲ್ಲ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಮೂರೂ ಸಂಗತಿಗಳು ಕೂಡಿದಾಗ ಮಾತ್ರ ಬಹುಮಟ್ಟಿಗೆ ನಿಜ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಅದು ಹಗಲೂ ರಾತ್ರಿ ಎದೆಹಾಲನ್ನಷ್ಟೇ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಗಂಜಿ, ಬೇಳೆಕಟ್ಟು ತಿನ್ನುವ ಹತ್ತು ತಿಂಗಳ ಮಗುವಿನ ತಾಯಿಗೆ ಅದು ರಕ್ಷಣೆ ಕೊಡುವುದಿಲ್ಲ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಡುತ್ತದೆ. ಸಿಸೇರಿಯನ್ ಆದವರಲ್ಲಿ ಅಂತರ ತೀರಾ ಕಡಿಮೆಯಾದರೆ ಹೆರಿಗೆ ನೋವಿನ ಹೊತ್ತಿಗೆ ಗರ್ಭಕೋಶದ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಹೆಚ್ಚುತ್ತದೆ, ರಕ್ತಹೀನತೆ ಇದ್ದರೆ ಅದೂ ಕೂಡಿಕೊಳ್ಳುತ್ತದೆ. ಹಾಗೆಂದು ಇಂಥ ಬಸಿರನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲವೆಂದಲ್ಲ, ಎಚ್ಚರದ ಆರೈಕೆಯಲ್ಲಿ ಚೆನ್ನಾಗಿ ಹೆತ್ತವರು ಎಷ್ಟೋ ಜನರಿದ್ದಾರೆ. ಆದರೆ ಮಗಳು ಹೆದರಿಕೊಂಡಿದ್ದರೆ ಅದು ಸಬೂಬಲ್ಲ.

ಹೀಗಾಗಿ ನಿಮ್ಮಿಬ್ಬರ ನಡುವೆ ಜಗಳವಿಲ್ಲದೆ ಆಗಬಹುದಾದ ಮೊದಲ ಕೆಲಸವೆಂದರೆ ಇಬ್ಬರೂ ಕೂಡಿ ಸ್ತ್ರೀರೋಗ ತಜ್ಞರನ್ನು ಕಾಣುವುದು. ಉಳಿಸಿಕೊಳ್ಳುವುದಿದ್ದರೂ ತೆಗೆಸುವುದಿದ್ದರೂ ಸ್ಕ್ಯಾನಿಂಗ್ ಬೇಕೇ ಬೇಕು, ಬಸಿರು ಗರ್ಭನಾಳದಲ್ಲಿ ನಿಂತಿಲ್ಲ, ಹಳೆಯ ಹೊಲಿಗೆಯ ಗಾಯಕ್ಕೆ ಅಂಟಿಕೊಂಡಿಲ್ಲ ಎಂಬುದು ಅದರಿಂದಲೇ ತಿಳಿಯುವುದು. ವೈದ್ಯರ ಕೋಣೆಯಲ್ಲಿ ಮಗಳು ಒಬ್ಬಳೇ ಮಾತನಾಡಲು ಸ್ವಲ್ಪ ಹೊತ್ತು ಬಿಡಿ. ತೆಗೆಸುವುದೇ ಅವಳ ತೀರ್ಮಾನವಾದರೆ ದಿನ ತಳ್ಳುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ. ಗುಳಿಗೆಯಿಂದ ಮಾಡುವ ಗರ್ಭಪಾತಕ್ಕೆ ನಿಯಮಗಳಲ್ಲಿ ಒಂಬತ್ತು ವಾರಗಳ ಮಿತಿಯಿದೆ, ಅದು ದಾಟಿದರೆ ಬೇರೆ ವಿಧಾನವನ್ನು ಅನುಸರಿಸಬೇಕಾಗುತ್ತದೆ. ಮನೆಯಲ್ಲಿ ತಾಯಿ ಬಯ್ಯುತ್ತಾಳೆಂದು ಹೆದರಿ ಔಷಧದ ಅಂಗಡಿಯಿಂದ ತಾನೇ ಗುಳಿಗೆ ತರಿಸಿ ನುಂಗಿ, ರಕ್ತಸ್ರಾವ ನಿಲ್ಲದೆ ರಾತ್ರಿ ಆಸ್ಪತ್ರೆಗೆ ಓಡುವ ಸ್ಥಿತಿ ಯಾವ ಹೆಣ್ಣುಮಗಳಿಗೂ ಬರಬಾರದು. ನಿಮ್ಮ ವಿರೋಧ ಅವಳನ್ನು ಆ ದಾರಿಗೆ ದೂಡದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಅದಕ್ಕೂ ಮೊದಲು ಮಗಳನ್ನು ಒಂದು ಪ್ರಶ್ನೆ ಕೇಳಿ: ಯಾವುದು ಬೇರೆಯಾಗಿದ್ದರೆ ನೀನು ಇದನ್ನು ಉಳಿಸಿಕೊಳ್ಳುತ್ತಿದ್ದೆ? ಕೇಳಿ ಸುಮ್ಮನೆ ಕುಳಿತುಕೊಳ್ಳಿ, ನಡುವೆ ಉತ್ತರ ಕೊಡಬೇಡಿ. ನೌಕರಿ ಹೋಗುತ್ತದೆಂಬ ಭಯವಿದ್ದರೆ, ಬದುಕಿರುವ ಮಗು ಒಂದೇ ಇರುವುದರಿಂದ ಎರಡನೆಯ ಹೆರಿಗೆಗೂ 26 ವಾರಗಳ ಸಂಬಳಸಹಿತ ರಜೆಗೆ ಕಾನೂನಿನಲ್ಲಿ ಅವಕಾಶವಿದೆ, ಗರ್ಭಿಣಿಯಾದಳೆಂದು ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ಅವಳಿಗೆ ತಿಳಿದಿರಲಿ. ಅಳಿಯನವರು ಊರೂರು ತಿರುಗುತ್ತಿರುವುದರಿಂದ ರಾತ್ರಿ ಎರಡು ಕೂಸುಗಳನ್ನು ಒಬ್ಬಳೇ ಹೇಗೆ ನೋಡಿಕೊಳ್ಳಲಿ ಎಂಬ ಚಿಂತೆಯಿದ್ದರೆ, ಅದನ್ನು ಬಗೆಹರಿಸಬೇಕಾದವರು ಅಳಿಯನವರು. ‘ಅವಳು ಹೇಳಿದಂತೆ ಆಗಲಿ’ ಎಂಬುದು ಕೇಳಲು ಚೆಂದದ ಮಾತು, ಆದರೆ ಅದು ಹೊರೆಯನ್ನೆಲ್ಲ ಹೆಂಡತಿಯ ತಲೆಗೆ ಕಟ್ಟುವ ಮಾತೂ ಆಗಬಹುದು. ನೀವು ಸಹಾಯ ಮಾಡುತ್ತೇನೆ ಎನ್ನುವುದಾದರೆ ಎಷ್ಟು ವರ್ಷ ಹುಬ್ಬಳ್ಳಿಯಲ್ಲಿ ಇರಬಲ್ಲಿರಿ, ಬೆಟಗೇರಿಯ ಮನೆಯ ಗತಿಯೇನು, ನಿಮ್ಮ ಮೊಣಕಾಲು ಎಷ್ಟು ತಾಳುತ್ತದೆ ಎಂಬುದನ್ನು ಲೆಕ್ಕಹಾಕಿ ಹೇಳಿ. ಇಷ್ಟೆಲ್ಲ ಆದ ಮೇಲೂ ಅವಳು ಬೇಡವೆಂದರೆ, ಅದು ಬೇಡವೇ.

ಆಗ ನಿಮ್ಮ ಮನಸ್ಸಿಗೆ ಆಗುವ ನೋವನ್ನು ಪೂಜೆಯಲ್ಲಿ ಕಳೆಯಿರಿ, ನಂಬಿದವರೊಬ್ಬರ ಮುಂದೆ ಹೇಳಿ ಅಳಿ, ಬೇಕಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು. ಮಗಳಿಗೆ ಆ ದಿನಗಳಲ್ಲಿ ಬಿಸಿಯೂಟ ಬೇಕು, ವಿಶ್ರಾಂತಿ ಬೇಕು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ವೈದ್ಯಕೀಯ ಗರ್ಭಪಾತಕ್ಕೂ ಆರು ವಾರಗಳ ಸಂಬಳಸಹಿತ ರಜೆಯಿದೆ, ಅದನ್ನು ಕೇಳಿ ಪಡೆಯಲಿ. ಇಂಥ ದಿನ ಮತ್ತೆ ಬಾರದಂತೆ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರ ಚುಚ್ಚುಮದ್ದು, ಛಾಯಾ ಗುಳಿಗೆ ಇವುಗಳಲ್ಲಿ ಹಾಲೂಡಿಸುವ ತಾಯಿಗೆ ಯಾವುದು ಹೊಂದುತ್ತದೆ ಎಂದು ಅದೇ ವೈದ್ಯರನ್ನು ಕೇಳಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ.

ಪ್ರಶ್ನೆ: ನನಗೆ ಎರಡು ಮಕ್ಕಳಿವೆ, ಮೂರನೆಯದು ನಿಂತಿದೆ. ನಮ್ಮ ಅತ್ತೆಯವರು ಗಂಡನ ಸಹಿ ಇಲ್ಲದೆ ಯಾವ ಆಸ್ಪತ್ರೆಯವರೂ ಮುಟ್ಟುವುದಿಲ್ಲ ಎನ್ನುತ್ತಾರೆ. ನಿಜವೇ?

— ಓದುಗಳು, ಹಾವೇರಿ ಜಿಲ್ಲೆ

ಉತ್ತರ: ನಿಜವಲ್ಲ ತಂಗಿ. ಕೆಲವು ಕಡೆ ರೂಢಿಯಿಂದ ಕೇಳುತ್ತಾರೆ, ಅದು ಕಾಯ್ದೆಯ ಮಾತಲ್ಲ. ಕಾನೂನಿನಲ್ಲಿಲ್ಲದ ಇಂಥ ಷರತ್ತುಗಳನ್ನು, ಮನೆಯವರ ಒಪ್ಪಿಗೆಯೂ ಸೇರಿದಂತೆ, ವೈದ್ಯರು ಹೇರಬಾರದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಹೇಳಿದೆ. ಒಂದು ಕಡೆ ಹಿಂದಕ್ಕೆ ಕಳುಹಿಸಿದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅನುಮತಿ ಪಡೆಯದ ಚಿಕ್ಕ ದವಾಖಾನೆಗೆ ಮಾತ್ರ ಹೋಗಬೇಡಿ.

ಪ್ರಶ್ನೆ: ನನ್ನ ಮಗಳಿಗೆ ಇಬ್ಬರು ಹೆಣ್ಣುಮಕ್ಕಳು. ಈಗ ನಾಲ್ಕನೆಯ ತಿಂಗಳು. ಅತ್ತೆಮನೆಯವರು ಬೇರೆ ಊರಿಗೆ ಕರೆದೊಯ್ದು ‘ನೋಡಿಸಿಕೊಂಡು’ ಬಂದು ತೆಗೆಸೆಂದು ಗಂಟುಬಿದ್ದಿದ್ದಾರೆ. ಮಗಳು ಅಳುತ್ತಾಳೆ. ನಾನು ವಿರೋಧಿಸಿದರೆ ಅವಳ ಸಂಸಾರ ಕೆಡುತ್ತದೆಂಬ ಭಯ.

— ಒಬ್ಬ ತಾಯಿ, ಧಾರವಾಡ ತಾಲೂಕು

ಉತ್ತರ: ಇಲ್ಲಿ ವಿರೋಧಿಸಿ, ತಾಯಿ, ಗಟ್ಟಿಯಾಗಿ ವಿರೋಧಿಸಿ. ಆದರೆ ಇಲ್ಲಿಯೂ ಮೊದಲು ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಅವಳಿಗೆ ಏನು ಬೇಕೆಂದು ಕೇಳಿ. ಗದಗಿನ ತಾಯಿಗೆ ನಾನು ಹೇಳಿದ್ದೂ ನಿಮಗೆ ಹೇಳುತ್ತಿರುವುದೂ ಒಂದೇ, ಹೊರುವವಳ ಮಾತು ನಡೆಯಬೇಕು. ಭ್ರೂಣದ ಲಿಂಗ ಪತ್ತೆ ಮಾಡುವುದನ್ನೂ ಮಾಡಿಸುವುದನ್ನೂ 1994ರ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಮಾಡಿಸಿದ ಮನೆಯವರಿಗೆ ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳವರೆಗೆ ದಂಡ ಆಗಬಹುದು. ಬಸುರಿಯನ್ನು ಗಂಡ ಅಥವಾ ಅವನ ಕಡೆಯವರು ಬಲವಂತ ಮಾಡಿದರೆಂದೇ ಕಾಯ್ದೆ ಮೊದಲಿಗೆ ಭಾವಿಸುತ್ತದೆ, ಆದ್ದರಿಂದ ದೂರು ಕೊಟ್ಟರೆ ಮಗಳೇ ಸಿಕ್ಕಿಬೀಳುತ್ತಾಳೆಂದು ಹೆದರಬೇಡಿ. ಅವಳ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 89ನೆಯ ಕಲಮಿನಲ್ಲಿ ಜೀವಾವಧಿ ಶಿಕ್ಷೆಯವರೆಗೂ ಹೋಗಬಹುದು.

ಲಿಂಗಪತ್ತೆಯ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೊಡಬಹುದು. ತಕ್ಷಣದ ಒತ್ತಡವಿದ್ದರೆ 181 ಮಹಿಳಾ ಸಹಾಯವಾಣಿಗೆ, ಕೈಮಾಡುವ ಮಟ್ಟಕ್ಕೆ ಹೋದರೆ 112ಕ್ಕೆ ಕರೆ ಮಾಡಿ. ದೂರಿಗೆ ಮಗಳು ಇನ್ನೂ ಸಿದ್ಧಳಿಲ್ಲದಿದ್ದರೆ, ಆರೋಗ್ಯ ಸರಿಯಿಲ್ಲವೆಂದು ಹೇಳಿ ಸದ್ಯ ತವರಿಗೆ ಕರೆತನ್ನಿ. ಇಬ್ಬರು ಮೊಮ್ಮಕ್ಕಳನ್ನೂ ಜೊತೆಗೇ ಕರೆತನ್ನಿ, ಅವರನ್ನು ಅಲ್ಲಿ ಬಿಟ್ಟು ಬಂದರೆ ಮಗಳು ಮೂರನೆಯ ದಿನಕ್ಕೆ ಮರಳಿ ಹೋಗುತ್ತಾಳೆ. ತಾಯಿ ಕಾರ್ಡು, ಆಧಾರ್, ಹಿಂದಿನ ಹೆರಿಗೆಗಳ ಕಾಗದಗಳು ಅವಳ ಚೀಲದಲ್ಲಿ ಇರಲಿ.