ಡಿ ಅಂಡ್ ಡಿ ಆಟದಲ್ಲಿ ಎಲ್ಲ ಕೆಲಸಕ್ಕೂ ಒದಗುವ ಪಾತ್ರ ಕಟ್ಟೋದು ಹೇಗೆ?

ನೀವು ಕೇಳಿದ್ದು ಇಷ್ಟು: ಡಿ ಅಂಡ್ ಡಿ, ಅಂದರೆ ದಾಳ ಉರುಳಿಸುತ್ತ ಕತೆಯೊಳಗಿನ ಪಾತ್ರವಾಗಿ ಆಡುವ ಆಟದಲ್ಲಿ, ನಿಮ್ಮ ಗುಂಪಿಗೆ ಆಟಗಾರರು ಮೂರೇ ಜನ, ಒಬ್ಬ ಫೈಟರ್ (ಹೊಡೆದಾಡುವವನು), ಒಬ್ಬ ವಿಜರ್ಡ್ (ಮಂತ್ರವಾದಿ), ಮಿಕ್ಕಿದ್ದೆಲ್ಲ ನಿಮ್ಮ ತಲೆಗೆ. "ಎಲ್ಲಾದರಲ್ಲೂ ಸ್ವಲ್ಪ ಸ್ವಲ್ಪ ಬರೋನು ಯಾವುದಕ್ಕೂ ಆಗಲ್ಲ" ಅಂತ ಗೆಳೆಯರು ಬೇರೆ ಕಾಡಿಸುತ್ತಿದ್ದಾರೆ. ಐದಾರು ಜನರ ಗುಂಪಾಗಿದ್ದರೆ ನಾನೂ ಅವರ ಮಾತಿಗೇ ತಲೆ ಆಡಿಸುತ್ತಿದ್ದೆ. ಅಲ್ಲಿ ಪ್ರತಿ ಕೆಲಸಕ್ಕೂ ಒಬ್ಬ ಇದ್ದೇ ಇರುತ್ತಾನೆ. ಮೂರು ಜನರ ಗುಂಪಿನಲ್ಲಿ ಹಾಗಲ್ಲ. ಬೀಗ ತೆಗೆಯುವವರು, ಕಾವಲುಗಾರನ ಜೊತೆ ಮಾತಾಡುವವರು, ಬಿದ್ದವನನ್ನು ಎಬ್ಬಿಸುವವರು ಯಾರಾದರೂ ಬೇಕಲ್ವಾ? ಕಟ್ಟಿ, ಧೈರ್ಯವಾಗಿ ಕಟ್ಟಿ.

ನಾನು ಆಡೋದು ಹುಬ್ಬಳ್ಳಿಯಲ್ಲಿ, ವಿದ್ಯಾನಗರದ ಗೆಳೆಯನೊಬ್ಬನ ಮನೆ ಮಹಡಿಯಲ್ಲಿ. ಧಾರವಾಡದವರು ಚಿಗರಿ ಬಸ್ ಹಿಡಿದು ಬರುತ್ತಾರೆ, ಬರುವಾಗ ಯಾರಾದರೂ ಮಿರ್ಚಿ ಗಿರಮಿಟ್ ತರುತ್ತಾರೆ. ನಮ್ಮ ಪಾತ್ರಗಳ ಹಾಳೆಗಳಲ್ಲಿ ಎಣ್ಣೆ ಕಲೆ ಇಲ್ಲದ್ದು ಒಂದೂ ಇಲ್ಲ. ಆಡೋದು ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿ, 2014ರ ನಿಯಮ. ಕೆಳಗಿನ ಲೆಕ್ಕವೆಲ್ಲ ಅದರದ್ದೇ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಹೊಡೆದಾಟ ಶುರುವಾದ ಮೇಲೆ ಪ್ರತಿ ಸುತ್ತಿಗೆ ನಿಮಗೆ ಸಿಗೋದು ಒಂದು ಆಕ್ಷನ್, ಇದ್ದರೆ ಒಂದು ಬೋನಸ್ ಆಕ್ಷನ್. ನಿಮಗೆ ಹತ್ತು ವಿದ್ಯೆ ಬರಲಿ, ಆ ಸರದಿಯಲ್ಲಿ ಬಳಸೋದು ಒಂದನ್ನೇ. ಉಳಿದ ಒಂಬತ್ತು ಹಾಳೆಯ ಮೇಲೆ ಸುಮ್ನೆ ಕೂತಿರುತ್ತವೆ. ಹೊಡೆದಾಟದ ಹೊರಗೆ ಸರದಿಯ ಲೆಕ್ಕ ಇಲ್ಲ. ಅಲ್ಲಿ ಗೋಡೆ ಹತ್ತಬಹುದು, ಮಾತಾಡಬಹುದು, ಹೆಜ್ಜೆ ಗುರುತು ಹುಡುಕಬಹುದು, ಎಲ್ಲವೂ ಒಂದೇ ಸಂಜೆಯಲ್ಲಿ. ಅದಕ್ಕೇ ನಾನು ಹೇಳೋದು: ಹೊಡೆದಾಟದಲ್ಲಿ ಒಂದೆರಡೇ ಕೆಲಸ, ಆದರೆ ಗಟ್ಟಿಯಾಗಿ. ಹರಡಿಕೊಳ್ಳೋದೆಲ್ಲ ಹೊಡೆದಾಟದ ಹೊರಗೆ.

ಇಂಥ ಪಾತ್ರ ಕಟ್ಟುವವರು ಸಾಮಾನ್ಯವಾಗಿ ಎಡವೋದು ಅಂಕಗಳಲ್ಲೇ. ಪಾತ್ರಕ್ಕೆ ಆರು ಗುಣ: ಸ್ಟ್ರೆಂತ್ (ಬಲ), ಡೆಕ್ಸ್ಟೆರಿಟಿ (ಚುರುಕು), ಕಾನ್‌ಸ್ಟಿಟ್ಯೂಷನ್ (ಗಟ್ಟಿತನ), ಇಂಟೆಲಿಜೆನ್ಸ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ಮಾತಿನ ಮೋಡಿ). ಇವಕ್ಕೆ ಅಂಕ ಕೊಳ್ಳೋಕೆ ಪಾಯಿಂಟ್ ಬೈ ಲೆಕ್ಕದಲ್ಲಿ 27 ಪಾಯಿಂಟ್ ಸಿಗುತ್ತದೆ. ಸಮನಾಗಿ ಹಂಚಿದರೆ 13, 13, 13, 12, 12, 12. ನೋಡೋಕೆ ಚೆಂದ, ಎಲ್ಲದಕ್ಕೂ ದಾಳಕ್ಕೆ ಸೇರುವ ಬೋನಸ್ +1 (12ಕ್ಕೂ 13ಕ್ಕೂ ಅಷ್ಟೇ, ಬೋನಸ್ ಏರೋದು ಸರಿಸಂಖ್ಯೆಯಲ್ಲಿ, 16ಕ್ಕೆ +3), ಎಲ್ಲೂ ಮೈನಸ್ ಇಲ್ಲ. ಆದರೆ ನಿಮ್ಮ ಮಂತ್ರ ತಪ್ಪಿಸಿಕೊಳ್ಳೋಕೆ ಶತ್ರು 20 ಮುಖದ ದಾಳದಲ್ಲಿ ಮುಟ್ಟಬೇಕಾದ ಅಂಕ 8+2+1 (ನಡುವಿನ 2 ಪ್ರೊಫಿಷಿಯೆನ್ಸಿ, ಅಂದರೆ ಕಲಿತ ವಿದ್ಯೆಗೆ ಸಿಗುವ, ಲೆವೆಲ್ ಜೊತೆ ಏರುವ ಬೋನಸ್), ಅಂದರೆ ಬರೀ 11. ಏನೂ ಬೋನಸ್ ಇಲ್ಲದ ಸಣ್ಣ ಶತ್ರು ಕೂಡ ಎರಡು ಸಲಕ್ಕೆ ಒಮ್ಮೆ ತಪ್ಪಿಸಿಕೊಳ್ಳುತ್ತಾನೆ. ಗೆಳೆಯರು ಕಾಡಿಸೋದು ಈ ಪಾತ್ರವನ್ನ, ಮತ್ತು ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅದೇ 27 ಪಾಯಿಂಟನ್ನ 15, 14, 13, 12, 10, 8 ಅಂತ ಹಾಕಿ. ಹಾಫ್ ಎಲ್ಫ್ ಆಗಿ, ಅಂದರೆ ಮನುಷ್ಯ ಮತ್ತು ಎಲ್ಫ್ ಅನ್ನೋ ಮಾಯಾಜನರ ಮಿಶ್ರ ಕುಲ, ಅದರಿಂದ ಕೆಲವು ಅಂಕ ಪುಕ್ಕಟೆ ಸೇರುತ್ತವೆ. ಡೆಕ್ಸ್ಟೆರಿಟಿಗೆ 15, ಹಾಫ್ ಎಲ್ಫ್‌ನ ಒಂದು ಸೇರಿ 16. ಕರಿಸ್ಮಾಗೆ 14, ಎರಡು ಸೇರಿ ಅದೂ 16. ಕಾನ್‌ಸ್ಟಿಟ್ಯೂಷನ್ 13ರಿಂದ 14. ವಿಸ್ಡಮ್ 12, ಇಂಟೆಲಿಜೆನ್ಸ್ 10. ಸ್ಟ್ರೆಂತ್ 8 ಇರಲಿ ಬಿಡಿ, ಬಾಗಿಲು ಒದೆಯೋಕೆ ನಿಮ್ಮ ಫೈಟರ್ ಇದ್ದಾನೆ. ಎಲ್ಲವೂ ಸರಿಸಂಖ್ಯೆ, ಒಂದು ಪಾಯಿಂಟೂ ದಂಡ ಆಗಿಲ್ಲ.

ಕ್ಲಾಸ್, ಅಂದರೆ ಪಾತ್ರದ ಕಸುಬು, ಬಾರ್ಡ್. ಹಾಡುಗಾರ ಅಂತ ನಗಬೇಡಿ. 1978ರ ಹಳೆಯ ನಿಯಮದಲ್ಲಿ ಬಾರ್ಡ್ ಆಗಬೇಕಾದರೆ ಮೊದಲು ಫೈಟರ್ ಆಗಿ, ಆಮೇಲೆ ಕಳ್ಳನಾಗಿ, ಅದಾದ ಮೇಲೇ ಬಾರ್ಡ್ ಆಗಬೇಕಿತ್ತು. ಈಗ ಮೊದಲನೇ ಲೆವೆಲ್‌ನಲ್ಲೇ ಸಿಗುತ್ತಾನೆ. ಇಷ್ಟವಾದ ಮೂರು ಸ್ಕಿಲ್ ಕ್ಲಾಸಿನಿಂದ, ಎರಡು ಹಾಫ್ ಎಲ್ಫ್‌ನಿಂದ, ಎರಡು ಹಿನ್ನೆಲೆಯಿಂದ (ಪಾತ್ರದ ಹಿಂದಿನ ಬದುಕು). ಏಳಾಯಿತು. ಮೂರನೇ ಲೆವೆಲ್‌ನಲ್ಲಿ ಕಾಲೇಜ್ ಆಫ್ ಲೋರ್ ಅನ್ನೋ ಬಾರ್ಡ್ ಕವಲು ಹಿಡಿದರೆ ಇನ್ನೂ ಮೂರು. ಆಟದಲ್ಲಿ ಇರೋದೇ 18 ಸ್ಕಿಲ್, ಅದರಲ್ಲಿ ಹತ್ತು ನಿಮ್ಮ ಕೈಯಲ್ಲಿ.

ಇನ್ನು ಎಲ್ಲರೂ ಹೊಗಳುವ 'ಜಾಕ್ ಆಫ್ ಆಲ್ ಟ್ರೇಡ್ಸ್'. ಎರಡನೇ ಲೆವೆಲ್‌ಗೆ ಬರುತ್ತದೆ, ಗೊತ್ತಿಲ್ಲದ ಸ್ಕಿಲ್‌ಗೂ ಪ್ರೊಫಿಷಿಯೆನ್ಸಿಯ ಅರ್ಧ ಸೇರಿಸಿಕೊಳ್ಳಬಹುದು. ಹೆಸರು ದೊಡ್ಡದು, ಸಂಖ್ಯೆ ಸಣ್ಣದು. ಅರ್ಧ ಅಂದರೆ ಕೆಳಗಿನ ಪೂರ್ಣಾಂಕ, ಹಾಗಾಗಿ ಎಂಟನೇ ಲೆವೆಲ್‌ವರೆಗೂ ಅದು ಬರೀ +1. ಒಂಬತ್ತಕ್ಕೆ +2 ಆಗುತ್ತದೆ, 17ಕ್ಕೆ +3. ಇದನ್ನೇ ನಂಬಿ ಪಾತ್ರ ಕಟ್ಟಬೇಡಿ. ಆದರೆ ಇನಿಶಿಯೇಟಿವ್ (ಹೊಡೆದಾಟದಲ್ಲಿ ಯಾರ ಸರದಿ ಮೊದಲು ಅನ್ನೋದು) ಕೂಡ ಡೆಕ್ಸ್ಟೆರಿಟಿ ಚೆಕ್ಕೇ, ಅಂದರೆ ದಾಳದ ಪರೀಕ್ಷೆಯೇ ಆದ್ದರಿಂದ ಅಲ್ಲೂ ಇದು ಸೇರುತ್ತದೆ. ಇದನ್ನ ಬಹಳ ಜನ ಹಾಳೆಯಲ್ಲಿ ಬರೆದುಕೊಳ್ಳೋದೇ ಇಲ್ಲ. ನಿಜವಾದ ಗತ್ತು ಇರೋದು ಮೂರನೇ ಲೆವೆಲ್‌ನ ಎಕ್ಸ್‌ಪರ್ಟೈಸ್‌ನಲ್ಲಿ. ಎರಡು ಸ್ಕಿಲ್‌ಗೆ ಪ್ರೊಫಿಷಿಯೆನ್ಸಿ ಡಬಲ್. ಪರ್ಸ್ಯುಯೇಶನ್‌ಗೆ (ಮಾತಲ್ಲಿ ಒಲಿಸೋ ವಿದ್ಯೆ) ಹಾಕಿದರೆ ಕರಿಸ್ಮಾದ 3, ಡಬಲ್ ಆದ ಪ್ರೊಫಿಷಿಯೆನ್ಸಿಯ 4, ಒಟ್ಟು +7.

ಕಂಪನಿ ನಾಟಕದಲ್ಲಿ ಒಬ್ಬ ಇರುತ್ತಾನಲ್ಲ, ಪೇಟಿ ಮಾಸ್ತರ ಬರದಿದ್ದರೆ ಪೇಟಿ ಮುಂದೆ ಕೂರುತ್ತಾನೆ, ದೂತನ ಪಾತ್ರಕ್ಕೆ ಜನ ಇಲ್ಲದಿದ್ದರೆ ಮೀಸೆ ಅಂಟಿಸಿಕೊಂಡು ರಂಗಕ್ಕೆ ಬರುತ್ತಾನೆ. ಆದರೆ ಜನ ಟಿಕೆಟ್ ತಗೊಳ್ಳೋದು ಅವನ ಹಾಸ್ಯಕ್ಕೆ. ನಿಮ್ಮ ಬಾರ್ಡ್ ಅವನೇ. ಆ ಹಾಸ್ಯ ಯಾವುದು ಅಂತ ನೀವು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಆಟದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಒಂದು ಸಂಜೆಯ ಕತೆ ಹೇಳುತ್ತೇನೆ. ನಮ್ಮ ಡಿಎಂ (ಡಂಜನ್ ಮಾಸ್ಟರ್, ಕತೆ ನಡೆಸುವವನು) ಲಕ್ಕುಂಡಿಗೆ ಹೋಗಿ ಮಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ ನೋಡಿ ಬಂದಿದ್ದ. ಆ ಮೆಟ್ಟಿಲುಬಾವಿಯನ್ನೇ ಇನ್ನೂ ಆಳ ಮಾಡಿ ಡಂಜನ್, ಅಂದರೆ ಸಾಹಸ ನಡೆಯೋ ನೆಲಮಾಳಿಗೆ ಮಾಡಿದ. ಕೆಳಗೆ ಕಾವಲಿನವರು, ಅವರ ಕಣ್ಣು ತಪ್ಪಿಸಿ ಇಳಿಯಬೇಕು. ಅವತ್ತು ನಾವೂ ಮೂರೇ ಜನ. ಗುಂಪು ಚೆಕ್‌ನಲ್ಲಿ ಕಡೇಪಕ್ಷ ಅರ್ಧ ಜನ ಗೆಲ್ಲಬೇಕು, ಅಂದರೆ ಮೂವರಲ್ಲಿ ಇಬ್ಬರು. ಚೈನ್ ಮೇಲ್ ಅನ್ನೋ ಸದ್ದು ಮಾಡುವ ಕಬ್ಬಿಣದ ಕವಚ ಹಾಕಿದ್ದ ಫೈಟರ್ ಎರಡು ದಾಳ ಉರುಳಿಸಿ ಕಮ್ಮಿ ಬಂದದ್ದನ್ನ ತಗೊಳ್ಳಬೇಕು, ಅವನ ಮೇಲೆ ಯಾರಿಗೂ ಆಸೆ ಇರಲಿಲ್ಲ. ಬೇಕಿದ್ದದ್ದು 12. ನನ್ನ ಬಾರ್ಡ್ ಸುಲಭವಾಗಿ ದಾಟಿದ. ವಿಜರ್ಡ್‌ಗೆ ದಾಳದಲ್ಲಿ 9, ಡೆಕ್ಸ್ಟೆರಿಟಿಯ 2 ಸೇರಿ 11. "ಲೇ, ಒಂದರಾಗ ಹೋತಲೇ" ಅಂತ ಅವನು ತಲೆ ಹಿಡಿದ. ಇಳಿಯೋ ಮೊದಲೇ ನಾನು ಅವನಿಗೆ ಬಾರ್ಡಿಕ್ ಇನ್ಸ್‌ಪಿರೇಶನ್, ಅಂದರೆ ಬಾರ್ಡ್ ಹುರಿದುಂಬಿಸಿ ಕೊಡುವ ಹೆಚ್ಚಿನ ದಾಳ, ಕೊಟ್ಟಿದ್ದೆ. ಆರು ಮುಖದ ದಾಳ ಉರುಳಿಸಿದ, 4 ಬಿತ್ತು. ಇಳಿದೆವು.

ಕೆಳಗೆ ಗೋಡೆಯ ಮೇಲೆ ಹಳೆಯ ಶಾಸನ. ನನಗೂ ಹಿಸ್ಟರಿ ಸ್ಕಿಲ್ ಇತ್ತು, ಆದರೂ ಓದೋಕೆ ಹೋಗಲಿಲ್ಲ. ದೀಪ ಹಿಡಿದು ವಿಜರ್ಡ್‌ಗೆ ಹೆಲ್ಪ್ ಮಾಡಿದೆ, ಅವನಿಗೆ ಎರಡು ದಾಳ ಸಿಕ್ಕಿತು, ಹೆಚ್ಚು ಬಂದದ್ದೇ ಲೆಕ್ಕಕ್ಕೆ; ಇದಕ್ಕೇ ಅಡ್ವಾಂಟೇಜ್ ಅನ್ನೋದು. ಓದಿದ ಖುಷಿ ಅವನದ್ದೇ. ಆಮೇಲೆ ಹೊಡೆದಾಟ ಆಯಿತು, ಅದರಲ್ಲಿ ನನ್ನದು ಎರಡೇ ಕೆಲಸ. ಮೊದಲ ಸುತ್ತಿಗೆ ಫೇರಿ ಫೈರ್ ಮಂತ್ರ. ಸಿಕ್ಕಿಬಿದ್ದ ಶತ್ರುಗಳ ಮೇಲೆ ನಮ್ಮವರಿಗೆಲ್ಲ ಅಡ್ವಾಂಟೇಜ್. ಫೈಟರ್ ಮೆಟ್ಟಿಲ ಮೇಲೆ ಬಿದ್ದಾಗ ಹೀಲಿಂಗ್ ವರ್ಡ್, ಗಾಯ ಮಾಯಿಸುವ ಮಂತ್ರ. ಅದು ಬೋನಸ್ ಆಕ್ಷನ್, 60 ಅಡಿ ದೂರದಿಂದಲೂ ನಡೆಯುತ್ತದೆ. ಹಾಗಾಗಿ ಮೇಲಿನ ಮೆಟ್ಟಿಲಲ್ಲಿ ನಿಂತೇ ಅವನನ್ನ ಎಬ್ಬಿಸಿದೆ, ಉಳಿದ ಆಕ್ಷನ್‌ನಲ್ಲಿ ಒಂದು ಬಾಣವನ್ನೂ ಬಿಟ್ಟೆ.

ಮಂತ್ರ ಆರಿಸುವಾಗಲೂ ಇದೇ ಲೆಕ್ಕ. ಬಾರ್ಡ್‌ಗೆ ಮೂರನೇ ಲೆವೆಲ್‌ನಲ್ಲಿ ಗೊತ್ತಿರೋದು ಆರೇ ಮಂತ್ರ, ಬೇಕಾದಾಗ ಬದಲಿಸೋಕೂ ಆಗಲ್ಲ, ಲೆವೆಲ್ ಏರಿದಾಗ ಒಂದನ್ನ ಬದಲಿಸಬಹುದು ಅಷ್ಟೇ. ಮೇಲಿನ ಎರಡು ಹೊಡೆದಾಟಕ್ಕೆ ಸಾಕು. ಉಳಿದದ್ದಕ್ಕೆ ಹತ್ತು ರೀತಿ ಬಳಕೆಗೆ ಬರುವಂಥವು ತಗೊಳ್ಳಿ: ಸೈಲೆಂಟ್ ಇಮೇಜ್ (ಮಾಯಾಚಿತ್ರ), ಸಜೆಶನ್ (ಹೇಳಿದಂತೆ ಕೇಳಿಸೋದು), ಎನ್‌ಹಾನ್ಸ್ ಎಬಿಲಿಟಿ (ಒಂದು ಗುಣಕ್ಕೆ ಬಲ ಕೊಡೋದು). ಬೆಂಕಿ ಉಗುಳೋದನ್ನ ವಿಜರ್ಡ್ ನೋಡಿಕೊಳ್ಳಲಿ. ಆದರೆ ಈ ಮೂರಕ್ಕೂ ಫೇರಿ ಫೈರ್‌ಗೂ ಕಾನ್ಸಂಟ್ರೇಶನ್ (ಮನಸ್ಸು ಹಿಡಿದಿಟ್ಟು ಮಂತ್ರ ನಡೆಸೋದು) ಬೇಕು, ಅಂಥದ್ದು ಒಮ್ಮೆಗೆ ಒಂದೇ ನಡೆಯೋದು; ಹಾಗಾಗಿ ಆರನೆಯದು ಅದು ಬೇಡದ್ದಾಗಿರಲಿ.

ಮಲ್ಟಿಕ್ಲಾಸ್, ಅಂದರೆ ಒಂದಕ್ಕಿಂತ ಹೆಚ್ಚು ಕ್ಲಾಸ್ ಬೆರೆಸೋದರ ಬಗ್ಗೆ ನೀವು ಕೇಳಿಲ್ಲ, ಆದರೆ ಯೋಚನೆ ಬಂದೇ ಬರುತ್ತದೆ. ಬಾರ್ಡ್ ಒಂದು, ಕ್ಲೆರಿಕ್ (ಪೂಜಾರಿ) ಒಂದು, ವಿಜರ್ಡ್ ಒಂದು, ರೋಗ್ (ಕಳ್ಳ) ಒಂದು, ಫೈಟರ್ ಒಂದು ಅಂತ ಐದನೇ ಲೆವೆಲ್‌ಗೆ ಬಂದವರನ್ನ ನೋಡಿದ್ದೇನೆ. ಅಷ್ಟೊತ್ತಿಗೆ ಪಕ್ಕದ ಫೈಟರ್ ಎರಡು ಸಲ ಹೊಡೆಯುತ್ತಿರುತ್ತಾನೆ, ವಿಜರ್ಡ್ ಫೈರ್‌ಬಾಲ್ ಎಸೆಯುತ್ತಿರುತ್ತಾನೆ. ಹೀಗೆ ಬೆರೆಸಿದವರಿಗೆ ಎರಡನೇ ಹಂತದ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಇರುತ್ತದೆ, ಅದರಲ್ಲಿ ಹಾಕೋಕೆ ಗೊತ್ತಿರೋದು ಮೊದಲ ಹಂತದ ಮಂತ್ರ ಮಾತ್ರ. ತೀರಾ ಆಸೆಯಾದರೆ ರೋಗ್‌ನ ಒಂದೇ ಒಂದು ಲೆವೆಲ್ ತಗೊಳ್ಳಿ. ಇನ್ನೊಂದು ಸ್ಕಿಲ್, ಎರಡು ಎಕ್ಸ್‌ಪರ್ಟೈಸ್, ಬೀಗ ತೆಗೆಯುವ ಸಾಮಾನಿನ ಪ್ರೊಫಿಷಿಯೆನ್ಸಿ ಸಿಗುತ್ತದೆ. ಅದಕ್ಕೆ ಕೊಡಬೇಕಾದ ಬೆಲೆ, ನಿಮ್ಮ ಮಂತ್ರಗಳೆಲ್ಲ ಒಂದು ಲೆವೆಲ್ ತಡ. ನಿಮ್ಮ ಗುಂಪಿನಲ್ಲಿ ಕಳ್ಳ ಇಲ್ಲವಾದ್ದರಿಂದ ಇದು ಲಾಭವೇ. ಆದರೆ ಐದನೇ ಲೆವೆಲ್ ಬಾರ್ಡ್ ಆದ ಮೇಲೆ ಮಾಡಿ. ಅಲ್ಲಿಂದ ಇನ್ಸ್‌ಪಿರೇಶನ್ ಸಣ್ಣ ವಿಶ್ರಾಂತಿಗೂ ವಾಪಸ್ ಬರುತ್ತದೆ, ಅದಕ್ಕೆ ಮುಂಚೆ ಬಿಟ್ಟು ಹೋಗೋದು ದಡ್ಡತನ.

ಎಕ್ಸ್‌ಪರ್ಟೈಸ್ ಎಲ್ಲಿ ಹಾಕಬೇಕು ಅನ್ನೋದನ್ನ ಒಬ್ಬರೇ ಕೂತು ನಿರ್ಧರಿಸಬೇಡಿ. ಉಳಿದಿಬ್ಬರ ಹಾಳೆ ಮುಂದಿಟ್ಟುಕೊಳ್ಳಿ. ವಿಜರ್ಡ್ ಆರ್ಕೇನಾ (ಮಂತ್ರಶಾಸ್ತ್ರದ ಅರಿವು) ತಗೊಂಡಿದ್ದರೆ ನೀವು ಅದರಲ್ಲಿ ಅವನಿಗಿಂತ ಮೇಲಾಗಬೇಡಿ. ಅವನು ಆ ಪಾತ್ರ ಕಟ್ಟಿದ್ದೇ ಅದಕ್ಕಾಗಿ ಇರಬಹುದು. ನಿಮ್ಮ ಗುಂಪಿಗೆ ನನ್ನ ಆಯ್ಕೆ ಪರ್ಸ್ಯುಯೇಶನ್ ಮತ್ತು ಪರ್ಸೆಪ್ಶನ್ (ಸುತ್ತಲಿನದನ್ನ ಗಮನಿಸೋದು). ಆಟದಲ್ಲಿ ಪರ್ಸೆಪ್ಶನ್‌ನಷ್ಟು ಸಲ ಕೇಳುವ ಚೆಕ್ ಇನ್ನೊಂದಿಲ್ಲ.

ಪುಸ್ತಕ ದುಬಾರಿ ಅನ್ನೋದೂ ನಿಮ್ಮ ಪ್ರಶ್ನೆಯಲ್ಲಿತ್ತು. ಈಗಲೇ ಕೊಳ್ಳಬೇಡಿ. ಎಸ್‌ಆರ್‌ಡಿ 5.1 ಅನ್ನೋ ಮೂಲ ನಿಯಮಗಳ ಕಡತವನ್ನ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಪರವಾನಗಿ ಅಡಿ ಬಿಟ್ಟಿದ್ದಾರೆ, ಪುಕ್ಕಟೆ ಇಳಿಸಿಕೊಳ್ಳಬಹುದು. ಬಾರ್ಡ್, ಕಾಲೇಜ್ ಆಫ್ ಲೋರ್, ಹಾಫ್ ಎಲ್ಫ್ ಮೂರೂ ಅದರಲ್ಲಿವೆ. ಹಿನ್ನೆಲೆ ಮಾತ್ರ ಒಂದೇ ಕೊಟ್ಟಿದ್ದಾರೆ. ಆದರೆ ಇಷ್ಟದ ಎರಡು ಸ್ಕಿಲ್ ಇಟ್ಟು ನಿಮ್ಮದೇ ಹಿನ್ನೆಲೆ ಮಾಡಿಕೊಳ್ಳೋಕೆ ಅದರಲ್ಲೇ ನಿಯಮ ಇದೆ, ಡಿಎಂಗೆ ಒಂದು ಮಾತು ಹೇಳಿ.

ನಿಮ್ಮ ಡಿಎಂ 2024ರ ಹೊಸ ಪುಸ್ತಕ ಹಿಡಿದಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದರಲ್ಲಿ ಹಾಫ್ ಎಲ್ಫ್ ಇಲ್ಲ. ಬಾರ್ಡ್‌ಗೆ ಎಕ್ಸ್‌ಪರ್ಟೈಸ್ ಎರಡನೇ ಲೆವೆಲ್‌ಗೇ ಬರುತ್ತದೆ. ಜಾಕ್ ಆಫ್ ಆಲ್ ಟ್ರೇಡ್ಸ್ ಸ್ಕಿಲ್ ಚೆಕ್‌ಗಳಿಗೆ ಮಾತ್ರ, ಇನಿಶಿಯೇಟಿವ್‌ಗೆ ಸೇರಲ್ಲ. ಯಾವ ಪುಸ್ತಕ ಅಂತ ಮೊದಲು ಕೇಳಿಕೊಂಡು ಆಮೇಲೆ ಹಾಳೆ ತುಂಬಿ.