ನಾಯಿಗೆ ಮನೆಯಲ್ಲೇ ತಿನಿಸು ಮಾಡುವಾಗ ಅಳತೆಯನ್ನೂ ನೋಡಿ

ಹತ್ತು ಕೆಜಿ ತೂಗುವ ನಿಮ್ಮ ನಾಯಿಗೆ ಪ್ಯಾಕೆಟ್ ಬಿಸ್ಕತ್ತಿನ ಬದಲು ಮನೆಯಲ್ಲೇ ಆರೋಗ್ಯಕರ ತಿನಿಸು ಮಾಡಿಕೊಡಬೇಕು, ಏನೇನು ಹಾಕಬಹುದು ಎಂದು ಕೇಳಿದ್ದೀರಿ. ಏನು ಹಾಕುತ್ತೇವೆ ಎನ್ನುವಷ್ಟೇ ಎಷ್ಟು ಕೊಡುತ್ತೇವೆ ಎನ್ನುವುದೂ ಮುಖ್ಯವೆಂಬುದನ್ನು ನಾನು ತಡವಾಗಿ ಕಲಿತೆ. ನನ್ನ ಮೊದಲ ನಾಯಿಯ ಊಟವನ್ನು ತೂಗಿ ಬಡಿಸುತ್ತಿದ್ದೆ. ಆದರೆ ಮನೆಯ ತಿನಿಸು ಒಳ್ಳೆಯದೇ ಅಲ್ಲವೇ ಎಂದು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲವೇ ತಿಂಗಳಲ್ಲಿ ಅದರ ಪಕ್ಕೆಲುಬುಗಳು ಕೈಗೆ ಸಿಗದಂತಾದವು.

ದಿನದ ಒಟ್ಟು ಕ್ಯಾಲೊರಿಯಲ್ಲಿ ತಿನಿಸಿನ ಪಾಲು ಶೇಕಡಾ 10ನ್ನು ಮೀರಬಾರದು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಸಂತಾನಹರಣ ಚಿಕಿತ್ಸೆಯಾದ, 10 ಕೆಜಿ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಸಾಕಾಗುವುದರಿಂದ, ತಿನಿಸಿಗೆ ಉಳಿಯುವುದು 60 ಮಾತ್ರ. ಒಂದು ಬೇಯಿಸಿದ ಮೊಟ್ಟೆಯೇ ಹತ್ತಿರಹತ್ತಿರ 70 ಕ್ಯಾಲೊರಿ ಕೊಡುತ್ತದೆ.

ನಾನು ಈಗ ಮಾಡುವುದು ಬಹಳ ಸರಳವಾದದ್ದು. 100 ಗ್ರಾಂ ಓಟ್ಸನ್ನು ಪುಡಿ ಮಾಡಿ, ಬೇಯಿಸಿ ಹಿಸುಕಿದ ಅರ್ಧ ಬಟ್ಟಲು ಸಿಹಿಗುಂಬಳ ಮತ್ತು ಒಂದು ಮೊಟ್ಟೆ ಸೇರಿಸಿ ಗಟ್ಟಿಯಾಗಿ ಕಲಸುತ್ತೇನೆ. ಅಂಟಿದರೆ ಇನ್ನಷ್ಟು ಓಟ್ಸ್ ಪುಡಿ ಬೆರೆಸುತ್ತೇನೆ. ಉಪ್ಪು, ಸಕ್ಕರೆ, ಎಣ್ಣೆ ಯಾವುದೂ ಬೇಡ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಉಗುರಿನಷ್ಟು ಚಿಕ್ಕದಾಗಿ ನೂರು ಚೂರುಗಳನ್ನು ಕತ್ತರಿಸಿ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಬೇಯಿಸಿದ ಮೇಲೆ ಓವನ್ ಆರಿಸಿ ಅದರೊಳಗೇ ಒಣಗಲು ಬಿಡುತ್ತೇನೆ. ಒಂದೊಂದು ಚೂರಿಗೆ ಸುಮಾರು 5 ಕ್ಯಾಲೊರಿಯಂತೆ, ನಿಮ್ಮ ನಾಯಿಗೆ ದಿನಕ್ಕೆ ಹೆಚ್ಚೆಂದರೆ ಹನ್ನೆರಡು. ಇಷ್ಟು ಚಿಕ್ಕ ಚೂರು ಸಾಲದೇನೋ ಎಂಬ ಸಂಕೋಚ ಬೇಡ. ಹೇಳಿದ್ದು ಕೇಳಿದ ಕೂಡಲೇ ಸಿಕ್ಕಿತೇ ಎನ್ನುವುದೇ ನಾಯಿಗೆ ದೊಡ್ಡದು. ಕ್ಯಾರೆಟ್ ಅಥವಾ ಉಪ್ಪಿಲ್ಲದೆ ಬೇಯಿಸಿದ ಕೋಳಿಮಾಂಸದ ಚೂರುಗಳೂ ಒಳ್ಳೆಯವೇ. ಲಿವರ್ ಎಂದರೆ ನಾಯಿಗಳಿಗೆ ಪ್ರಾಣ, ಆದರೆ ಅದರಲ್ಲಿ ‘ಎ’ ಜೀವಸತ್ವ ಬಹಳವಿರುವ ಕಾರಣ ದಿನವೂ ಕೊಡುವ ತಿನಿಸಲ್ಲ.

ಪಾಕಗಳಲ್ಲಿ ಮತ್ತೆ ಮತ್ತೆ ಕಾಣುವ ಪೀನಟ್ ಬಟರ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಕೆಲವು ಡಬ್ಬಿಗಳಲ್ಲಿ ಸಕ್ಕರೆಯ ಬದಲು ಕ್ಸೈಲಿಟಾಲ್ ಇರುತ್ತದೆ. ಅದನ್ನು ‘ಬರ್ಚ್ ಶುಗರ್’ ಎಂದೂ ಬರೆದಿರುತ್ತಾರೆ. ಮನುಷ್ಯರಿಗೆ ತೊಂದರೆ ಕೊಡದ ಈ ವಸ್ತು ನಾಯಿಯ ದೇಹದಲ್ಲಿ ಒಮ್ಮೆಲೇ ಇನ್ಸುಲಿನ್ ಬಿಡುಗಡೆಯಾಗುವಂತೆ ಮಾಡಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ, ಪುಡಿಯ ರೂಪದಲ್ಲಂತೂ ಇನ್ನೂ ತೀವ್ರ. ಆದ್ದರಿಂದ ಅಂಗಡಿಯ ಮಾಂಸದ ಸಾರನ್ನು ಹಿಟ್ಟಿಗೆ ಬೆರೆಸುವ ಮೊದಲು ಅದರ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದಿ. ಚಾಕೊಲೇಟ್, ಮೆಕಡೇಮಿಯಾ ಬೀಜ, ಉಬ್ಬುತ್ತಿರುವ ಹಸಿ ಈಸ್ಟ್ ಹಿಟ್ಟು ಕೂಡ ನಾಯಿಗೆ ವಿಷವೇ.

ಸಂರಕ್ಷಕ ಹಾಕದ ಕಾರಣ, ಒಳಗೆ ತೇವ ಉಳಿದ ಚೂರುಗಳನ್ನು ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನಗಳಲ್ಲಿ ಮುಗಿಸಿ, ಉಳಿದದ್ದನ್ನು ಫ್ರೀಜರ್‌ಗೆ ಹಾಕಿ. ಬೂಷ್ಟು ಕಂಡರೆ ಇಡೀ ಡಬ್ಬಿಯನ್ನೇ ಎಸೆಯಿರಿ. ಹೊಸ ಪದಾರ್ಥವನ್ನು ಒಂದು ಸಲಕ್ಕೆ ಒಂದರಂತೆ ಕೊಟ್ಟು ಎರಡು ಮೂರು ದಿನ ಮಲವನ್ನು ಗಮನಿಸಿದರೆ, ಹೊಟ್ಟೆ ಕೆಟ್ಟಾಗ ಕಾರಣ ಯಾವುದೆಂದು ತಿಳಿಯುತ್ತದೆ. ನಾಯಿ ಮೇಲೆ ಹೇಳಿದ ವಿಷವಸ್ತುಗಳಲ್ಲಿ ಯಾವುದನ್ನಾದರೂ ತಿಂದುಬಿಟ್ಟರೆ ಮಾತ್ರ, ವಾಂತಿಯಾಗಲಿ ನೋಡೋಣ ಎಂದು ಕಾಯದೆ, ಆ ಪ್ಯಾಕೆಟ್ಟನ್ನೂ ಹಿಡಿದುಕೊಂಡು ಕೂಡಲೇ ಪಶುವೈದ್ಯರ ಬಳಿಗೆ ಹೋಗಿ.